ಶ್ರೀಹರಿಕೋಟಕ್ಕೆ ಹೋಗುವ ಪ್ಲಾನ್: ಜುಲೈಯಿಂದ ನವೆಂಬರ್‌ವರೆಗಿನ ಟಿಪ್ಪಣಿ

ಜುಲೈ 2025, ಕೊನೆ ವಾರ

ಜುಲೈ 30ರ ಬುಧವಾರ ಸಂಜೆ 5:40ಕ್ಕೆ ಜಿಎಸ್‌ಎಲ್‌ವಿ-ಎಫ್16 ರಾಕೆಟ್, ನಾಸಾ ಮತ್ತು ನಮ್ಮ ಇಸ್ರೋ ಸೇರಿ ಮಾಡಿದ ನಿಸಾರ್ ಉಪಗ್ರಹವನ್ನು ಹೊತ್ತು ಶ್ರೀಹರಿಕೋಟದಿಂದ ಏರಿತು. ನಾವು ಫೋನಿನಲ್ಲೇ ನೋಡಿದೆವು. ವಾರದ ನಡುವೆ ಬಂತು ನೋಡಿ, ಯಾರಿಗೂ ರಜೆ ಸಿಗಲಿಲ್ಲ. ಮಕ್ಕಳಿಗೆ ಶಾಲೆ ಬೇರೆ.

ನಿಸಾರ್ ನಮ್ಮ ಬೆಂಗಳೂರಿನಲ್ಲಿ ತುಂಬಾ ಕಾಲ ಇದ್ದ ಉಪಗ್ರಹ. ಅದರ ರೇಡಾರ್ ಭಾಗ 2023ರಲ್ಲಿ ಅಮೆರಿಕದಿಂದ ಇಲ್ಲಿಗೆ ಬಂತು. ಉಳಿದ ಭಾಗದ ಜೊತೆ ಅದನ್ನು ಜೋಡಿಸಿದ್ದು ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. 12 ಮೀಟರ್ ಅಗಲದ ಜಾಲರಿ ಆಂಟೆನಾ 2024ರಲ್ಲಿ ಮತ್ತೆ ಅಮೆರಿಕಕ್ಕೆ ಹೋಗಿ, ಬಿಸಿಲಿನ ಕಾವು ತಡೆಯುವ ಲೇಪನ ಹಾಕಿಸಿಕೊಂಡು ವಾಪಸ್ ಬಂತು. ಇಷ್ಟು ದಿನ ನಮ್ಮೂರಲ್ಲೇ ಇದ್ದದ್ದು ಮೇಲೇರುವಾಗ ನಾವು ಅಲ್ಲಿರಲಿಲ್ಲ ಅನ್ನುವುದು ಎಲ್ಲರ ಮನಸ್ಸಿಗೂ ಹತ್ತಿತು. ಅವತ್ತೇ ತೀರ್ಮಾನ ಆಯಿತು. ಮುಂದಿನ ದೊಡ್ಡ ಉಡಾವಣೆ ವಾರದ ಕೊನೆಗೆ ಬಂದರೆ ಹೊರಡುವುದೇ.

ನಮ್ಮದು ಚಿಕ್ಕ ಗುಂಪು. ತಿಂಗಳಿಗೊಮ್ಮೆ ಊರಾಚೆ ಹೋಗಿ ಟೆಲಿಸ್ಕೋಪ್ ಇಟ್ಟು ಆಕಾಶ ನೋಡುವವರು. ಒಬ್ಬರು ನಿವೃತ್ತ ಭೌತಶಾಸ್ತ್ರ ಮೇಷ್ಟ್ರು ಮತ್ತು ಅವರ ಮನೆಯವರು, ಉಳಿದವರು ನನ್ನ ಹಾಗೆ ಕೆಲಸದಲ್ಲಿರುವವರು, ಜೊತೆಗೆ ಮಕ್ಕಳು.

ಆಗಸ್ಟ್ – ಸೆಪ್ಟೆಂಬರ್

ಈ ಎರಡು ತಿಂಗಳು ಓದುವುದೇ ಕೆಲಸ. ರಾಕೆಟ್ ನೋಡಲು ಹೋಗುವುದು ಬೇರೆ ಪ್ರವಾಸದ ಹಾಗಲ್ಲ ಅನ್ನುವುದು ಬೇಗ ಗೊತ್ತಾಯಿತು. ದಿನಾಂಕ ನಮ್ಮ ಕೈಯಲ್ಲಿಲ್ಲ. ನಿಸಾರ್ ಇಂಥ ದಿನ ಹಾರುತ್ತದೆ ಎಂದು ಇಸ್ರೋ ಹೇಳಿದ್ದೇ ಜುಲೈ 21ಕ್ಕೆ, ಹತ್ತು ದಿನವೂ ಇರಲಿಲ್ಲ. ಹೇಳಿದ ಮೇಲೂ ಅದು ಬದಲಾಗಬಹುದು.

ಮೇಷ್ಟ್ರು ಹಳೆಯ ಉದಾಹರಣೆಗಳನ್ನು ಒಂದೊಂದಾಗಿ ಹೇಳಿದರು. ಚಂದ್ರಯಾನ-2 ಹೊರಡಬೇಕಿದ್ದು 2019ರ ಜುಲೈ 15ರ ನಸುಕಿನ 2:51ಕ್ಕೆ. ಜನ ರಾತ್ರಿಯೆಲ್ಲಾ ಕೂತು ಕಾದರು. 56 ನಿಮಿಷ ಬಾಕಿ ಇರುವಾಗ ಗಡಿಯಾರ ನಿಂತಿತು. ಕೊನೆಗೆ ಹಾರಿದ್ದು ಜುಲೈ 22ರ ಮಧ್ಯಾಹ್ನ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನದ ಟಿವಿ-ಡಿ1 ಪರೀಕ್ಷಾ ಹಾರಾಟ 2023ರ ಅಕ್ಟೋಬರ್ 21ರಂದು. ಬೆಳಿಗ್ಗೆ 8ಕ್ಕೆ ಅಂದರು, ಹವಾಮಾನ ನೋಡಿ ಮುಂದೆ ಹಾಕಿದರು, ಆಮೇಲೆ ಇನ್ನು 5 ಸೆಕೆಂಡ್ ಅನ್ನುವಾಗ ಕಂಪ್ಯೂಟರ್ ತಾನೇ ತಡೆಯಿತು. ಕಾರಣ ಪತ್ತೆ ಮಾಡಿ ಅದೇ ದಿನ 10 ಗಂಟೆಗೆ ಹಾರಿಸಿದರು. 2024ರ ಡಿಸೆಂಬರ್ 4ರಂದು ಯುರೋಪಿನ ಪ್ರೋಬಾ-3 ಉಪಗ್ರಹದಲ್ಲೇ ಏನೋ ತೊಂದರೆ ಕಾಣಿಸಿ, ಪಿಎಸ್‌ಎಲ್‌ವಿ-ಸಿ59 ಮರುದಿನ ಏರಿತು. ಅದೇ ತಿಂಗಳು 30ರಂದು, ಎರಡು ಉಪಗ್ರಹಗಳನ್ನು ಬಾಹ್ಯಾಕಾಶದಲ್ಲೇ ಜೋಡಿಸುವ ಸ್ಪೇಡೆಕ್ಸ್ ಉಡಾವಣೆ ಎರಡೇ ಎರಡು ನಿಮಿಷ ಮುಂದೆ ಹೋಯಿತು. ದಾರಿಯಲ್ಲಿ ಬೇರೆ ಉಪಗ್ರಹ ಹತ್ತಿರ ಬರುವ ಸಾಧ್ಯತೆ ಇತ್ತು, ಅದಕ್ಕೆ.

ಹಾಗಾಗಿ ನಮ್ಮ ಪ್ಲಾನ್‌ನಲ್ಲಿ ಮೊದಲು ಬರೆದುಕೊಂಡದ್ದು ಹೋಗುವ ದಿನವನ್ನಲ್ಲ. ಒಂದು ದಿನ ಮುಂದೆ ಹೋದರೆ ಯಾರು ಉಳಿಯುತ್ತಾರೆ, ಒಂದು ವಾರ ಹೋದರೆ ಯಾರು ಮತ್ತೆ ಬರುತ್ತಾರೆ, ಯಾರಿಗೆ ಸೋಮವಾರ ತಪ್ಪಿಸಲು ಆಗುವುದೇ ಇಲ್ಲ. ಇದನ್ನು ಮೊದಲೇ ಮಾತಾಡಿಕೊಂಡದ್ದು ಒಳ್ಳೆಯದಾಯಿತು. ಅಲ್ಲಿ ಹೋಗಿ ನಿಂತ ಮೇಲೆ ಈ ಚರ್ಚೆ ಶುರುವಾದರೆ ಬೇಜಾರಾಗುತ್ತದೆ.

ಆಮೇಲೆ ದಾರಿ. ಶ್ರೀಹರಿಕೋಟಕ್ಕೆ ಹತ್ತಿರದ ಊರು ಸುಳ್ಳೂರುಪೇಟೆ. ಚೆನ್ನೈಯಿಂದ ಉತ್ತರಕ್ಕೆ ಸುಮಾರು 80 ಕಿಮೀ. ಚೆನ್ನೈಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಸುಳ್ಳೂರುಪೇಟೆಗೆ ಲೋಕಲ್ ರೈಲು ಹಿಡಿಯಬಹುದು. ಒಬ್ಬರೋ ಇಬ್ಬರೋ ಹೋಗುವುದಾದರೆ ನಾನು ಈಗಲೂ ಅದನ್ನೇ ಹೇಳುತ್ತೇನೆ. ಖರ್ಚು ಕಡಿಮೆ, ಟ್ರಾಫಿಕ್ ತಲೆನೋವಿಲ್ಲ. ಆದರೆ ವಯಸ್ಸಾದವರು, ಮಕ್ಕಳು, ಊಟದ ಡಬ್ಬಿ, ಬೈನಾಕ್ಯುಲರ್ ಎಲ್ಲಾ ಇರುವಾಗ ಮತ್ತು ದಿನವೇ ಖಚಿತ ಇಲ್ಲದಿರುವಾಗ ಟಿಕೆಟ್ ಬುಕ್ ಮಾಡುವುದು, ಕ್ಯಾನ್ಸಲ್ ಮಾಡುವುದು ಕಷ್ಟ. ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಹೋಗುವುದು ಅಂತಾಯಿತು. ಕೋಲಾರ, ಮುಳಬಾಗಿಲು, ನಂಗಲಿ ದಾಟಿ ಪಲಮನೇರು, ಚಿತ್ತೂರು, ತಿರುಪತಿ, ಕಾಳಹಸ್ತಿ, ನಾಯ್ಡುಪೇಟೆ, ಸುಳ್ಳೂರುಪೇಟೆ. ಸುಮಾರು 340 ಕಿಮೀ. ಟಿಟಿ ಮಾಲೀಕರಿಗೆ ವಿಷಯ ಬಿಡಿಸಿ ಹೇಳಿದೆವು. ದಿನ ಬದಲಾದರೂ ಅಡ್ವಾನ್ಸ್ ಹಾಗೇ ಇಟ್ಟುಕೊಂಡು ಬೇರೆ ದಿನ ಕೊಡುತ್ತೇನೆ ಎಂದು ಒಪ್ಪಿದರು. ಇಡೀ ಪ್ಲಾನ್‌ನಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ. ಗಾಡಿಗೆ ಆಲ್ ಇಂಡಿಯಾ ಪರ್ಮಿಟ್ ಇದೆಯಾ ಅನ್ನುವುದನ್ನೂ ಕೇಳಿಕೊಳ್ಳಿ.

ಹೇಗೂ ಆ ಕಡೆ ಹೋಗುತ್ತೀವಲ್ಲ, ತಿಮ್ಮಪ್ಪನ ದರ್ಶನವೂ ಆಗಲಿ ಅಂದರು ಮೇಷ್ಟ್ರ ಮನೆಯವರು. ಆಸೆ ಸರಿಯೇ. ಆದರೆ ತಿರುಮಲದ 300 ರೂಪಾಯಿಯ ದರ್ಶನದ ಟಿಕೆಟ್ ತಿಂಗಳುಗಳ ಮುಂಚೆಯೇ ಬುಕ್ ಆಗುತ್ತದೆ. ರಾಕೆಟ್ಟಿನ ದಿನ ಒಂದು ವಾರ ಮೊದಲಷ್ಟೇ ಗೊತ್ತಾಗುವುದು. ಎರಡೂ ಕೂಡಿ ಬರುವುದಿಲ್ಲ. ಕೊನೆಗೆ ದಾರಿಯಲ್ಲೇ ಸಿಗುವ ಕಾಳಹಸ್ತಿಗೆ ಅವರು ಒಪ್ಪಿಕೊಂಡರು.

ಅಕ್ಟೋಬರ್, ಕೊನೆ ವಾರ

ದಿನಾಂಕ ಬಂತು! ನವೆಂಬರ್ 2, ಭಾನುವಾರ, ಸಂಜೆ 5:26. ಎಲ್‌ವಿಎಂ3-ಎಂ5, ಇಸ್ರೋದ ಭಾರೀ ರಾಕೆಟ್, ಹೊತ್ತೊಯ್ಯುವುದು ಸಿಎಂಎಸ್-03 ಉಪಗ್ರಹ. ಅದರ ಹಿಂದಿನ ದಿನ ಶನಿವಾರ, ರಾಜ್ಯೋತ್ಸವ. ಇಷ್ಟು ಅನುಕೂಲವಾಗಿ ಎರಡು ದಿನ ಒಟ್ಟಿಗೆ ಸಿಗುವುದು ಅಪರೂಪ ಅಲ್ವಾ?

ಇದು ಸಾಮಾನ್ಯ ಉಡಾವಣೆಯೂ ಅಲ್ಲ. ಸಿಎಂಎಸ್-03 ನಮ್ಮ ನೌಕಾಪಡೆಗಾಗಿ ಮಾಡಿದ ಸಂಪರ್ಕ ಉಪಗ್ರಹ, ತೂಕ 4,410 ಕೆಜಿ. ಇಷ್ಟು ಭಾರದ ಸಂಪರ್ಕ ಉಪಗ್ರಹವನ್ನು ಭೂಸ್ಥಿರ ಕಕ್ಷೆಯತ್ತ ಸಾಗುವ ಎತ್ತರದ ಕಕ್ಷೆಗೆ ನಮ್ಮ ನೆಲದಿಂದ ಹಿಂದೆಂದೂ ಕಳಿಸಿರಲಿಲ್ಲ. ಇದಕ್ಕಿಂತ ಭಾರದವು ಹೊರಗಿನಿಂದ ಹೋದವು: 2018ರಲ್ಲಿ ಜಿಸ್ಯಾಟ್-11 ಹೋದದ್ದು ಫ್ರೆಂಚ್ ಗಯಾನಾದಿಂದ, 2024ರ ನವೆಂಬರ್‌ನಲ್ಲಿ ಜಿಸ್ಯಾಟ್-ಎನ್2 ಹೋದದ್ದು ಅಮೆರಿಕದಿಂದ. ಚಂದ್ರಯಾನ-3 ಅನ್ನು ಕಳಿಸಿದ ಮೇಲೆ ಎಲ್‌ವಿಎಂ3ಗೆ ಇದೇ ಮುಂದಿನ ಹಾರಾಟ. ಕಕ್ಷೆಗೆ ಸೇರಿದ ಮೇಲೆ ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವುದು ನಮ್ಮ ಹಾಸನದ ಕೇಂದ್ರ. ಹಾಸನ ಕಡೆಯ ಹುಡುಗ ಒಬ್ಬ ನಮ್ಮ ಗುಂಪಿನಲ್ಲಿದ್ದಾನೆ. ಈ ವಿಷಯ ಗೊತ್ತಾದಾಗಿನಿಂದ ಅವನನ್ನು ಹಿಡಿಯುವವರಿಲ್ಲ.

ಗ್ಯಾಲರಿಯ ವಿಷಯ. ಶ್ರೀಹರಿಕೋಟದ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರದಲ್ಲಿ 2019ರಿಂದ ಸಾರ್ವಜನಿಕರಿಗಾಗಿ ವೀಕ್ಷಣಾ ಗ್ಯಾಲರಿ ಇದೆ. ಮೊದಲ ಬಾರಿ ಜನ ಅಲ್ಲಿ ಕೂತು ನೋಡಿದ್ದು ಅದೇ ವರ್ಷ ಏಪ್ರಿಲ್ 1ರ ಪಿಎಸ್‌ಎಲ್‌ವಿ-ಸಿ45 ಅನ್ನು. ದುಡ್ಡೇನೂ ಇಲ್ಲ, ಆದರೆ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ನೋಂದಣಿ ಶುರುವಾದ ಮೇಲೆ ಜಾಗ ಬೇಗ ತುಂಬುತ್ತದೆ. ನಾವು ಎಲ್ಲರ ಹೆಸರು, ವಯಸ್ಸು, ಗುರುತಿನ ಚೀಟಿಯ ನಂಬರ್ ಒಂದೇ ಕಡೆ ಬರೆದಿಟ್ಟುಕೊಂಡಿದ್ದೆವು, ಆಧಾರ್‌ನಲ್ಲಿ ಇರುವ ಹಾಗೇ. ಅದರಿಂದ ನೋಂದಣಿ ಸಲೀಸಾಗಿ ಮುಗಿಯಿತು.

ಇನ್ನೊಂದು ಕಡೆ ಮೊಂಥಾ ಚಂಡಮಾರುತ. 26ಕ್ಕೆ ರಾಕೆಟ್ ಉಡಾವಣಾ ಕಟ್ಟೆಗೆ ಬಂತು. 28ರ ರಾತ್ರಿ ಮೊಂಥಾ ಕಾಕಿನಾಡದ ಹತ್ತಿರ ದಡ ದಾಟಿತು. ಶ್ರೀಹರಿಕೋಟದಿಂದ ಅದು ದೂರವೇ, ಆದರೂ ಆಂಧ್ರದ ಕರಾವಳಿಗೆಲ್ಲಾ ಮಳೆ. ಆ ವಾರ ನಾವು ದಿನಾ ಉಪಗ್ರಹದ ಮೋಡದ ಚಿತ್ರ ನೋಡುತ್ತಾ ಕೂತೆವು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕರಾವಳಿಗೆ ಹಿಂಗಾರು, ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೋಗಬೇಕು. ಮಳೆ ಒಂದೇ ಅಲ್ಲ, ಸಿಡಿಲು ಮತ್ತು ಮೇಲಿನ ಗಾಳಿಯೂ ಉಡಾವಣೆಯನ್ನು ತಡೆಯುತ್ತವೆ.

ರೂಮಿನ ಬಗ್ಗೆ ಎರಡೇ ಮಾತು. ಸುಳ್ಳೂರುಪೇಟೆ ಚಿಕ್ಕ ಊರು, ಉಡಾವಣೆ ಇದ್ದಾಗ ಲಾಡ್ಜ್ ಸಿಗುವುದು ಕಷ್ಟ. ನಾವು ಕಾಳಹಸ್ತಿಯಲ್ಲಿ ಮಾಡಿದೆವು.

ಏನು ನೋಡಬೇಕು ಅನ್ನುವುದನ್ನು ಮೇಷ್ಟ್ರು ಮಕ್ಕಳಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಎಲ್‌ವಿಎಂ3 ಸುಮಾರು 43.5 ಮೀಟರ್ ಎತ್ತರ, 640 ಟನ್ ತೂಕ. ನೆಲ ಬಿಡುವಾಗ ಉರಿಯುವುದು ಅಕ್ಕಪಕ್ಕದ ಎರಡು ಎಸ್200 ಬೂಸ್ಟರ್ ಮಾತ್ರ. ಒಂದೊಂದರಲ್ಲೂ ಸುಮಾರು 200 ಟನ್ ಘನ ಇಂಧನ. ಅದರಲ್ಲಿ ಅಲ್ಯೂಮಿನಿಯಂ ಪುಡಿ ಇರುವುದರಿಂದಲೇ ಅಷ್ಟು ಬೆಳಕು, ಅಷ್ಟು ಬಿಳಿ ಹೊಗೆ. ನಡುವಿನ ಹಂತ ಎಲ್110 ಹೊತ್ತಿಕೊಳ್ಳುವುದು ಹೆಚ್ಚುಕಡಿಮೆ 110 ಸೆಕೆಂಡ್ ಆದ ಮೇಲೆ, ಆಕಾಶದಲ್ಲೇ. ಸ್ವಲ್ಪ ಹೊತ್ತಿಗೆ ಎಸ್200 ಕಳಚಿ ಬೀಳುತ್ತವೆ. ಆಕಾಶ ತಿಳಿಯಾಗಿದ್ದರೆ ಬೈನಾಕ್ಯುಲರ್‌ನಲ್ಲಿ ಅದನ್ನು ಹುಡುಕಬಹುದು. ಇನ್ನೊಂದು ಮಾತನ್ನು ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದರು: ಶಬ್ದ ಒಂದು ಕಿಮೀ ಬರಲು ಸುಮಾರು 3 ಸೆಕೆಂಡ್ ಬೇಕು. ಮೊದಲು ಕಾಣುತ್ತದೆ, ಆಮೇಲೆ ಕೇಳುತ್ತದೆ.

ನವೆಂಬರ್ 1 ಮತ್ತು 2

ಶನಿವಾರ ಬೆಳಿಗ್ಗೆ ನಮ್ಮ ಬಡಾವಣೆಯಲ್ಲಿ ಬಾವುಟ ಹಾರಿಸಿ, ಸಿಹಿ ತಿಂದು ಹೊರಟೆವು. ಮುಳಬಾಗಿಲಿನಲ್ಲಿ ದೋಸೆ. ಬೆಂಗಳೂರಿನಲ್ಲಿ ಸಿದ್ಧವಾದ ಉಪಗ್ರಹಗಳೂ ಲಾರಿ ಮೇಲೆ ಹೀಗೇ ನಿಧಾನವಾಗಿ ಶ್ರೀಹರಿಕೋಟಕ್ಕೆ ಹೋಗುತ್ತವೆ ಎಂದು ಹೇಳಿದ್ದೇ ತಡ, ಮಕ್ಕಳು ರಸ್ತೆಯ ಹಂಪುಗಳನ್ನು ಎಣಿಸಲು ಶುರು ಮಾಡಿದರು.

ಭಾನುವಾರ ಬೇಗ ದೇವಸ್ಥಾನ ಮುಗಿಸಿ ಸುಳ್ಳೂರುಪೇಟೆಗೆ. ಅಲ್ಲಿಂದ ಶ್ರೀಹರಿಕೋಟಕ್ಕೆ ಹೋಗುವ ರಸ್ತೆ ಪುಲಿಕಾಟ್ ಸರೋವರದ ನಡುವೆಯೇ ಸಾಗುತ್ತದೆ. ಎರಡೂ ಕಡೆ ನೀರು, ಅಲ್ಲಲ್ಲಿ ಹಕ್ಕಿಗಳು. ಶ್ರೀಹರಿಕೋಟ ಒಂದು ದ್ವೀಪ. ಒಂದು ಕಡೆ ಈ ಸರೋವರ, ಇನ್ನೊಂದು ಕಡೆ ಬಂಗಾಳ ಕೊಲ್ಲಿ. ಪೂರ್ವಕ್ಕೆ ಬರೀ ಸಮುದ್ರ, ಕಳಚಿದ ಭಾಗಗಳು ಯಾರ ತಲೆ ಮೇಲೂ ಬೀಳುವುದಿಲ್ಲ. ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಭೂಮಿ ತಿರುಗುವ ವೇಗವೂ ಸ್ವಲ್ಪ ಸಹಾಯ ಮಾಡುತ್ತದೆ. 1971ರಲ್ಲಿ ಒಂದು ಪುಟ್ಟ ರೋಹಿಣಿ ರಾಕೆಟ್ಟಿನಿಂದ ಶುರುವಾದ ಜಾಗ ಇದು. ಇಸ್ರೋವನ್ನು ಕಟ್ಟಿ ಬೆಳೆಸಿದ ಸತೀಶ್ ಧವನ್ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು. ಅವರ ಹೆಸರಿನ ಫಲಕ ಕಂಡಾಗ ಮೇಷ್ಟ್ರು ಗಾಡಿಯಲ್ಲೇ ಕೈ ಮುಗಿದರು.

ಮಧ್ಯಾಹ್ನವೇ ಒಳಗೆ ಸೇರಿದೆವು. ತಪಾಸಣೆ, ಸಾಲು, ಬಿಸಿಲು, ಆಮೇಲೆ ಮೋಡ. ತಂದಿದ್ದ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗಾಡಿಯಲ್ಲೇ ಮುಗಿಸಿ ಬಂದಿದ್ದೆವು. ಗ್ಯಾಲರಿಯಲ್ಲಿ ತೆಲುಗು, ತಮಿಳು, ಕನ್ನಡ, ಹಿಂದಿ ಎಲ್ಲಾ ಕಿವಿಗೆ ಬೀಳುತ್ತಿತ್ತು. ಶಾಲಾ ಮಕ್ಕಳು ತುಂಬಾ ಇದ್ದರು.

5:26. ಮೊದಲು ದೂರದಲ್ಲಿ ಹೊಗೆ ಎದ್ದಿತು. ಅದರ ನಡುವಿನಿಂದ ಬೆಳಕು. ಟಿವಿಯಲ್ಲಿ ಕಾಣುವ ಬೆಂಕಿ ಕಿತ್ತಳೆ ಬಣ್ಣ. ಕಣ್ಣಿಗೆ ಕಂಡದ್ದು ಅದಲ್ಲ, ನೇರ ನೋಡಲು ಕಷ್ಟವಾಗುವಷ್ಟು ಬಿಳಿ. ರಾಕೆಟ್ ಸದ್ದೇ ಇಲ್ಲದೆ ಏರಿತು. ಅದು ಕಟ್ಟೆಯಿಂದ ಚೆನ್ನಾಗಿ ಮೇಲೆ ಬಂದ ಮೇಲೆ ಶಬ್ದ ಬಂತು. ಅದು ಕಿವಿಗೆ ಬರುವುದಲ್ಲ, ಎದೆಗೆ ಬರುವುದು. ಬಿಟ್ಟು ಬಿಟ್ಟು ಸಿಡಿಯುವ ಹಾಗೆ, ಒಂದರ ಮೇಲೊಂದು. ಯಾವ ವಿಡಿಯೋದಲ್ಲೂ ಇದು ಸಿಗಲ್ಲ, ಸಿಗಲು ಸಾಧ್ಯವೂ ಇಲ್ಲ. ಫೋನಿನ ಮೈಕ್ ಅಷ್ಟು ತಗ್ಗಿನ ಸದ್ದನ್ನು ಹಿಡಿಯುವುದೇ ಇಲ್ಲ. ನಾವು ಇಷ್ಟೆಲ್ಲಾ ಮಾಡಿ ಬಂದದ್ದು ಇದಕ್ಕೇ ಎಂದು ನನಗೆ ಆಗ ಸ್ಪಷ್ಟವಾಯಿತು.

ಮೋಡ ಬೇಗ ನುಂಗಿಬಿಟ್ಟಿತು. ಎಸ್200 ಕಳಚುವುದು ನಮಗೆ ಕಾಣಲಿಲ್ಲ. ಆದರೆ ಸದ್ದು ಮಾತ್ರ ಮೋಡದ ಹಿಂದಿನಿಂದ ತುಂಬಾ ಹೊತ್ತು ಬರುತ್ತಿತ್ತು. ಜನ ಕೂಗುವುದನ್ನು ನಿಲ್ಲಿಸಿ ದೊಡ್ಡ ಪರದೆ ಕಡೆ ತಿರುಗಿದರು. ಹದಿನಾರು ನಿಮಿಷಕ್ಕೆ ಉಪಗ್ರಹ ಬೇರ್ಪಟ್ಟಿತು ಅಂದಾಗ ಎರಡನೇ ಸಲ ಕೂಗು. ನನ್ನ ಪಕ್ಕದಲ್ಲಿದ್ದ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. ಹವಾಮಾನ ಅಷ್ಟಾಗಿ ಸಹಕರಿಸಲಿಲ್ಲ, ಆದರೂ ಯಶಸ್ವಿಯಾಯಿತು ಎಂದು ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಆಮೇಲೆ ಹೇಳಿದರು. ಉಪಗ್ರಹವನ್ನು ಬಿಟ್ಟ ಮೇಲೆ ಅತಿ ತಣ್ಣಗಿನ ದ್ರವ ಇಂಧನ ಉರಿಸುವ ಕ್ರಯೋಜೆನಿಕ್ ಎಂಜಿನನ್ನು ಮತ್ತೊಮ್ಮೆ ಹೊತ್ತಿಸುವ ಪರೀಕ್ಷೆಯನ್ನೂ ಈ ಹಾರಾಟದಲ್ಲಿ ಮಾಡಿದ್ದಾರೆ.

ವಾಪಸ್ ಬರುವಾಗ ನಿಜವಾದ ತಾಳ್ಮೆ ಬೇಕು. ಎಲ್ಲಾ ಗಾಡಿಗಳಿಗೂ ಸರೋವರದ ಮೇಲಿನ ಅದೇ ಒಂದು ರಸ್ತೆ. ನೀರು ಮತ್ತು ಮಕ್ಕಳಿಗೆ ತಿನ್ನಲು ಏನಾದರೂ ಗಾಡಿಯಲ್ಲಿ ಇಟ್ಟಿರಿ. ಡ್ರೈವರ್ ಅಣ್ಣ ಮಧ್ಯಾಹ್ನವೆಲ್ಲಾ ಮಲಗಿ ಎದ್ದಿದ್ದರಿಂದ ರಾತ್ರಿ ಪ್ರಯಾಣಕ್ಕೆ ಧೈರ್ಯ ಇತ್ತು. ಇಲ್ಲದಿದ್ದರೆ ತಿರುಪತಿಯಲ್ಲಿ ಉಳಿಯುವುದೇ ಒಳ್ಳೆಯದು. ಬೆಳಕು ಹರಿಯುವ ಮೊದಲು ಮನೆ ಸೇರಿದೆವು, ಎಲ್ಲರೂ ಕೆಲಸಕ್ಕೂ ಹೋದೆವು.

ನವೆಂಬರ್, ಎರಡನೇ ವಾರ

ಮುಂದಿನದಕ್ಕೆ ಮಾತು ಶುರುವಾಗಿದೆ. ಇನ್ನೊಂದು ಎಲ್‌ವಿಎಂ3 ಬರುವುದಿದೆ, ಅಮೆರಿಕದ ಬ್ಲೂಬರ್ಡ್ ಉಪಗ್ರಹದ ಜೊತೆ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಈಗ ಪಿಎಸ್‌ಎಲ್‌ವಿ ನೋಡುವ ಆಸೆ, ಅದರಲ್ಲೂ ರಾತ್ರಿ ಹೊತ್ತು. ಎಕ್ಸ್‌ಎಲ್ ಮಾದರಿಯಲ್ಲಿ ಆರು ಬೂಸ್ಟರ್‌ಗಳಿರುತ್ತವೆ. ನಾಲ್ಕು ನೆಲದಲ್ಲೇ ಹೊತ್ತಿ, ಉಳಿದ ಎರಡು ಸುಮಾರು 25 ಸೆಕೆಂಡ್ ಆದ ಮೇಲೆ ಗಾಳಿಯಲ್ಲಿ ಹೊತ್ತುತ್ತವೆ. ಕತ್ತಲಲ್ಲಿ ಅದು ಬರಿಗಣ್ಣಿಗೇ ಕಾಣಬೇಕು.

ಹಿಂಗಾರು ಮುಗಿದ ಮೇಲೆ, ಜನವರಿಯಿಂದ ಮಾರ್ಚ್ ನಡುವೆ ಬಂದರೆ ಆಕಾಶ ತಿಳಿಯಾಗಿರುವ ಸಾಧ್ಯತೆ ಜಾಸ್ತಿ. ಪುಲಿಕಾಟ್‌ನಲ್ಲಿ ಫ್ಲೆಮಿಂಗೊಗಳೂ ಇರುತ್ತವೆ. ಒಂದು ದಿನ ಮುಂಚೆ ಹೋಗಿ ನೇಲಪಟ್ಟು ಪಕ್ಷಿಧಾಮ ನೋಡಬಹುದು. ಮಕ್ಕಳ ಪರೀಕ್ಷೆ ದಿನಗಳು ಮಾತ್ರ ಬೇಡ. ಟಿಟಿ ಮಾಲೀಕರಿಗೆ ಫೋನ್ ಮಾಡಿ ಹೇಳಿಟ್ಟಿದ್ದೇನೆ. ಹೆಸರು, ಗುರುತಿನ ಚೀಟಿಯ ಪಟ್ಟಿಗೆ ಮೇಷ್ಟ್ರ ಮೊಮ್ಮಗಳ ಹೆಸರೂ ಸೇರಿದೆ.