ಎಲ್ಲರ ಆದಾಯವೂ 24,000

"ನೀ ಒಮ್ಮೆ ಬಂದು ಈ ಲೆಕ್ಕ ನೋಡವಾ, ನನಗ ಒಂದೂ ತಿಳಿವಲ್ದು" ಅಂತ ಚಿಗವ್ವ ರಾತ್ರಿ ಫೋನ್ ಮಾಡಿದ್ದಳು. 2025ರ ಜನವರಿ, ಸಂಕ್ರಾಂತಿ ಮುಗಿದ ಮುಂದಿನ ವಾರ. ನಾನು ಹುಬ್ಬಳ್ಳಿಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಒಂದು ದಿನ ರಜೆ ಹಾಕಿ, ಬುಧವಾರ ಮೊದಲ ಬಸ್ಸಿಗೇ ಗದಗಿಗೆ ಹೊರಟೆ.

ಚಿಗವ್ವನ ಮನೆ ಬೆಟಗೇರಿಯಲ್ಲಿದೆ. ಕಾಕಾ ನೇಕಾರ. ನೂಲು ಮಾಲಕರದು, ಮಗ್ಗ ನಮ್ಮದು, ಸೀರೆಗಿಷ್ಟು ಅಂತ ಮಜೂರಿ. ನಾನು ಹೋದಾಗ ಚಿಗವ್ವ ಮನೆಯಲ್ಲಿರಲಿಲ್ಲ. ಪಕ್ಕದ ಮನೆ ಪಡಸಾಲೆಯಲ್ಲಿ ಸಂಘಕ್ಕೆ ಕೂತಿದ್ದಳು. ಸಂಘ ಅಂದರೆ ಇಲ್ಲಿ ಮೈಕ್ರೋಫೈನಾನ್ಸ್ ಸಾಲದ ಗುಂಪು. ಕಂಪನಿಯ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಸೋಮವಾರದ ಸಂಘ, ಬುಧವಾರದ ಸಂಘ, ಶುಕ್ರವಾರದ ಸಂಘ, ಅಷ್ಟೇ. ಚಿಗವ್ವ ಮೂರರಲ್ಲೂ ಇದ್ದಾಳೆ.

ಚಾಪೆ ಮೇಲೆ ಏಳು ಜನ ಹೆಣ್ಣುಮಕ್ಕಳು. ಎಂಟನೆಯವಳು ಹೂವು ಮಾರುವಾಕೆ, ಬಂದಿರಲಿಲ್ಲ. ಮನೆಗೆ ಬೀಗ ಹಾಕಿ ಗಂಡನ ಜೊತೆ ಗೋವಾಕ್ಕೆ ದುಡಿಯಲು ಹೋಗಿದ್ದಾಳೆ ಅಂತ ಒಬ್ಬರು ಹೇಳಿದರು. ವಸೂಲಿಗೆ ಬಂದ ಹುಡುಗ ಮೊಬೈಲ್ ನೋಡುತ್ತಲೇ ಹೇಳಿದ, "ಆಕೀ ಕಂತು ನೀವ ಎಲ್ಲಾರೂ ಕೂಡಿ ತುಂಬ್ರಿ. ಗುಂಪಿನ ಜವಾಬ್ದಾರಿ ಅಂತ ಸಹಿ ಮಾಡೀರಿ."

ಅವಳ ವಾರದ ಕಂತು 1,050. ಒಬ್ಬೊಬ್ಬರಿಗೆ 150 ಬಂತು. ಅದು ಕೂಡುವ ತನಕ ಯಾರೂ ಏಳುವಂತಿಲ್ಲ. ಒಬ್ಬಾಕೆ ಮಗುವನ್ನು ಅಂಗನವಾಡಿಗೆ ಬಿಡಬೇಕಿತ್ತು, ಕೂತೇ ಇದ್ದಳು. ಇನ್ನೊಬ್ಬಾಕೆ ಹತ್ತರ ನಾಣ್ಯ ಹದಿನೈದು ಎಣಿಸಿ ಇಟ್ಟಳು. "ನಾಣ್ಯ ಬ್ಯಾಡ್ರಿ, ಆಫೀಸನ್ಯಾಗ ತಗೊಳ್ಳಂಗಿಲ್ಲ" ಅಂದ ಹುಡುಗ. ಆಕೆ ಮಾತಾಡದೆ ನಾಣ್ಯಗಳನ್ನು ಮತ್ತೆ ಸೆರಗಿಗೆ ಹಾಕಿಕೊಂಡು, ಎದುರಿನ ಕಿರಾಣಿ ಅಂಗಡಿಗೆ ಹೋಗಿ ನೋಟು ಮಾಡಿಸಿಕೊಂಡು ಬಂದಳು. ಆ ಹದಿನೈದು ನಾಣ್ಯ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮನೆಗೆ ಬಂದ ಮೇಲೆ ಚಿಗವ್ವ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತೆಗೆದಳು. ಮೂರು ಸಂಘದ ಕಾರ್ಡು, ಕರಾರಿನ ಹಾಳೆಗಳು. ಮೊದಲ ಸಾಲ 30,000, ಮಗ್ಗ ರಿಪೇರಿಗೆ. ಎರಡನೆಯದು 60,000, ಮಗಳ ಮದುವೆಗೆ. ಮೂರನೆಯದು 50,000, ಮೊದಲೆರಡರ ಕಂತು ತುಂಬಲಿಕ್ಕೆ. ವಾರಕ್ಕೆ ಒಟ್ಟು 2,400. ತಿಂಗಳಿಗೆ ಹಿಡಿದರೆ ಹತ್ತು ಸಾವಿರ ದಾಟುತ್ತದೆ. ಕಾಕಾನ ಮಜೂರಿ, ಚಿಗವ್ವ ಕಂಡಿಕೆಗೆ ನೂಲು ಸುತ್ತಿ ತರುವುದು, ಎಲ್ಲ ಸೇರಿ ಅವರ ಮನೆಗೆ ಬರುವುದು ಹದಿನಾಲ್ಕು ಸಾವಿರ. ಅದೂ ಮಗ್ಗ ತಿಂಗಳಿಡೀ ನಡೆದರೆ.

ಇಷ್ಟು ಸಾಲ ಇವರಿಗೆ ಹೇಗೆ ಸಿಕ್ಕಿತು? ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮನೆಯ ಎಲ್ಲ ಸಾಲದ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಆದಾಯ ಎಷ್ಟೆಂದು ವಿಚಾರಿಸಿ ತಿಳಿದುಕೊಳ್ಳುವುದು ಸಾಲ ಕೊಡುವವರ ಕೆಲಸ. ಚಿಗವ್ವನ ಮನೆಗೆ ಏಳು ಸಾವಿರಕ್ಕಿಂತ ಜಾಸ್ತಿ ಕಂತು ಕೂರುವ ಹಾಗೇ ಇರಲಿಲ್ಲ.

ಮೂರನೇ ಸಾಲದ ಹಾಳೆ ತಿರುವಿದೆ. 'ಕುಟುಂಬದ ತಿಂಗಳ ಆದಾಯ: 24,000.'

"ಇದು ಯಾರ ಬರದ್ರು ಚಿಗವ್ವಾ?"

"ಸರ ಬರಕೊಂಡ್ರವಾ. ಎಷ್ಟ ಬರತೈತಿ ಅಂತ ಯಾರೂ ಕೇಳಲಿಲ್ಲ. ಇಲ್ಲಿ ಸಹಿ ಮಾಡ್ರಿ ಅಂದ್ರು, ಮಾಡಿದೆ."

ಪಕ್ಕದ ಮನೆಯವರ ಹಾಳೆ ತರಿಸಿದೆ. ಅದರಲ್ಲೂ 24,000. ಗಂಡ ಸತ್ತ, ಮನೆಗೆಲಸ ಮಾಡುವ ಹೆಣ್ಣುಮಗಳ ಹಾಳೆಯಲ್ಲೂ 24,000. ಓಣಿಯಲ್ಲಿ ಐದು ಹಾಳೆ ನೋಡಿದೆ, ಐದರಲ್ಲೂ ಅದೇ ಅಂಕಿ, ಅದೇ ಕೈಬರಹ. 24,000ದ ಅರ್ಧ 12,000. ಚಿಗವ್ವನ ಹತ್ತು ಸಾವಿರ ಅದರೊಳಗೆ ಸರಿಯಾಗಿ ಕೂತಿತ್ತು. ಕಾಗದದ ಮೇಲೆ ಯಾರ ತಪ್ಪೂ ಇರಲಿಲ್ಲ.

ಲೆಕ್ಕ ಬರೆಯುವವಳಾಗಿ ನನಗೆ ಹೊಟ್ಟೆಯೊಳಗೆ ಕಲಸಿದ ಹಾಗಾಯಿತು. ಇನ್ನೊಂದು ಮಾತನ್ನೂ ಹೇಳಲೇಬೇಕು. ಮೂರನೇ ಸಾಲಕ್ಕೆ ಚಿಗವ್ವನ ಆಧಾರ್ ಕಾರ್ಡಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದವಳು ನಾನೇ. ಯಾಕೆ ಅಂತ ಕೇಳಿರಲಿಲ್ಲ.

ಬಿ.ಕಾಂ ಓದುವಾಗ 2008ರ ಅಮೆರಿಕದ ಆರ್ಥಿಕ ಕುಸಿತ ನಮಗೆ ಪಾಠವಾಗಿತ್ತು. ಅಲ್ಲಿ ಎಷ್ಟೋ ಮನೆ ಸಾಲಗಳಿಗೆ ಆದಾಯ ಇಷ್ಟು ಅಂತ ಬಾಯಲ್ಲಿ ಹೇಳಿದರೆ ಸಾಕಿತ್ತು, ಪುರಾವೆ ಕೇಳುತ್ತಿರಲಿಲ್ಲ. ಸಾಲ ಮಾಡಿಸಿದ ಏಜೆಂಟ್ ಕಮಿಷನ್ ತಗೊಂಡು ಹೋದ. ಬ್ಯಾಂಕುಗಳು ಆ ಸಾಲಗಳನ್ನು ಕಟ್ಟು ಕಟ್ಟಿ ಮುಂದೆ ಮಾರಿದವು. ಸಾಲ ಎಷ್ಟು ಭದ್ರ ಅಂತ ಅಳೆಯುವ ರೇಟಿಂಗ್ ಕಂಪನಿಗಳು ಅವಕ್ಕೆ ಎಲ್ಲಕ್ಕಿಂತ ಮೇಲಿನ ದರ್ಜೆ ಕೊಟ್ಟವು. ಸಾಲಗಳು ತೀರಲಿಲ್ಲ. ಆ ವರ್ಷ ಸೆಪ್ಟೆಂಬರ್ 15ಕ್ಕೆ ಲೀಮನ್ ಬ್ರದರ್ಸ್ ಅನ್ನುವ ದೊಡ್ಡ ಬ್ಯಾಂಕು ದಿವಾಳಿ ಎದ್ದಿತು. ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಬ್ಯಾಂಕುಗಳನ್ನು ಉಳಿಸಲಿಕ್ಕೆ 70,000 ಕೋಟಿ ಡಾಲರ್‌ ತನಕ ಖರ್ಚು ಮಾಡಲು ಕಾನೂನು ತಂದಿತು. ಈ ಕುಸಿತವನ್ನು ತಪ್ಪಿಸಬಹುದಿತ್ತು ಅಂತ 2011ರಲ್ಲಿ ಅವರದೇ ವಿಚಾರಣಾ ಆಯೋಗ ಹೇಳಿತು. ಪರೀಕ್ಷೆಗೆ ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಆ ಪಾಠ ಬೆಟಗೇರಿಯ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

"ಯಾರ ಇಸ್ಕೊ ಅಂದಿದ್ರು ನಿಮಗ?" ಅಂತ ಮಂದಿ ಚಿಗವ್ವನಿಗೆ ಕೇಳುತ್ತಾರೆ. ಮದುವೆಗೆ ಅಷ್ಟು ಖರ್ಚು ಬೇಕಿರಲಿಲ್ಲ, ಹೌದು. ಅದನ್ನು ಅವಳೂ ಒಪ್ಪುತ್ತಾಳೆ. ಆದರೆ ಸಾಲ ಕೊಡುವುದೇ ಕಸುಬಾದವರಿಗೆ "ಹ್ಯಾಂಗ ತೀರಸ್ತೀರಿ?" ಅಂತ ಕೇಳುವುದು ಮೊದಲ ಕೆಲಸ ಅಲ್ವಾ? ಅದನ್ನು ಬಿಟ್ಟು ಸುಳ್ಳು ಅಂಕಿ ಬರೆದವರು ಕಂತಿನ ಹೊರೆಯನ್ನು ಏಳು ಹೆಣ್ಣುಮಕ್ಕಳ ಮೇಲೆ ಹಾಕಿದರು. ಈ ಸಾಲದ ಮೊದಲ ಹೊಣೆ ಕೊಟ್ಟವರದು.

ಗದಗಿನವರಿಗೆ ಇದು ಹೊಸದಾಗಿ ಕಲಿಸಬೇಕಾದ ಮಾತಲ್ಲ. ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಆಗಿನ ಕಾನೂನಿನಲ್ಲಿ ಹಳ್ಳಿ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಅದು ಪ್ರತಿಯೊಬ್ಬರ ಹೊಲ, ಮನೆಗೂ ಬರುತ್ತಿತ್ತು. ಹಾಗಾಗಿ ಕೊಡುವ ಮುಂಚೆ ಕೇಳುತ್ತಿದ್ದರು. ಚಿಗವ್ವನ ಸಂಘದಲ್ಲೂ ಎಲ್ಲರೂ ಎಲ್ಲರಿಗೂ ಹೊಣೆ. ಆದರೆ ಯಾರಿಗೆ ಎಷ್ಟು ಕೊಡಬೇಕು ಅನ್ನುವ ಮಾತು ಅವರ ಕೈಯಲ್ಲಿಲ್ಲ.

ಸಂಜೆ ಆ ವಸೂಲಿ ಹುಡುಗ ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕ. ರೋಣದ ಕಡೆಯವನು, ಇಪ್ಪತ್ಮೂರು ಇರಬಹುದು. 24,000ದ ಮಾತು ತೆಗೆದೆ. "ಮೇಡಂ, ಅದು ನಾ ಬರುಕಿಂತ ಮೊದಲಿನದ್ರಿ. ತಿಂಗಳಿಗೆ ಇಷ್ಟ ಸಾಲ ಹಂಚಬೇಕು, ಇಷ್ಟ ವಸೂಲಿ ಆಗಬೇಕು ಅಂತ ಮ್ಯಾಲಿನವರು ಹೇಳ್ತಾರ. ಆಗಲಿಲ್ಲ ಅಂದ್ರ ನನ್ನ ಪಗಾರ ಹಿಡೀತಾರ." ಅವನ ಮೇಲಿದ್ದ ಸಿಟ್ಟು ಇಳಿಯಿತು. ಆ ಮೇಲಿನವರನ್ನು ಬೆಟಗೇರಿಯಲ್ಲಿ ಯಾರೂ ನೋಡಿಲ್ಲ.

ಅದೇ ತಿಂಗಳು ಇಂಥದೇ ಸಾಲದ ಕಿರುಕುಳ ತಾಳದೆ ಹಾವೇರಿಯ ಹೆಣ್ಣುಮಕ್ಕಳು ಮಾಂಗಲ್ಯ ಉಳಿಸಿಕೊಡಿ ಅಂತ ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸಿದ್ದು ಸುದ್ದಿಯಾಯಿತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬೇಕಾಗಿದ್ದೇ. ಆದರೆ ಅದನ್ನು ಓದುವಾಗ ನನ್ನ ತಲೆಯಲ್ಲಿ ಇದ್ದದ್ದು ವಸೂಲಿಯ ಕೈ ಅಲ್ಲ, 24,000 ಅಂತ ಬರೆದ ಕೈ, ಬರೆಯಿಸಿದ ಕೈ.

ಮರು ಭಾನುವಾರ ಮತ್ತೆ ಬೆಟಗೇರಿಗೆ ಹೋದೆ. ಐದೂ ಮನೆಯ ನಿಜವಾದ ಆದಾಯ ಒಂದು ಹಾಳೆಯಲ್ಲಿ ಬರೆದು, ಈ ಅಂಕಿ ಯಾರು ಬರೆದರು, ಯಾವ ಆಧಾರದ ಮೇಲೆ ಅಂತ ಕೇಳಿ, ಕಂತು ಕಮ್ಮಿ ಮಾಡಿಕೊಡಿ ಅಂತ ಅರ್ಜಿ ಮಾಡಿದೆ. ಐವರೂ ಸಹಿ ಮಾಡಿದರು. ಈ ಸಲ ಪ್ರತಿ ಸಾಲನ್ನೂ ಓದಿ ಹೇಳಿದ ಮೇಲೆ. ಮರುದಿನ ಶಾಖೆಗೆ ಕೊಟ್ಟು ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆವು. ಆ ನಕಲು ಈಗ ಚಿಗವ್ವನ ಟ್ರಂಕಿನಲ್ಲಿದೆ. ಉತ್ತರ ಇನ್ನೂ ಬಂದಿಲ್ಲ.