ಸಂಬಳವಿಲ್ಲದ ಒಂದು ವರ್ಷ

ನಾನು ಕೆಲಸ ಮಾಡುವುದು ಶಿರಸಿ ಕಡೆಯ ಒಂದು ಸಹಕಾರಿ ಸಂಘದಲ್ಲಿ. ಅಡಿಕೆ ವಹಿವಾಟು ಮಾಡುವ ಸಂಘ. ಊರವರ ಬಾಯಲ್ಲಿ ಬರೀ ಸೊಸೈಟಿ. 2011ರಿಂದ ಅಲ್ಲಿನ ಲೆಕ್ಕ ವಿಭಾಗದಲ್ಲಿದ್ದೇನೆ. ನಡುವೆ ಒಂದು ವರ್ಷ ಮಾತ್ರ ಇರಲಿಲ್ಲ.

ಪರಿಚಯದವರಲ್ಲಿ ಯಾರಾದರೊಬ್ಬರು ಆಗಾಗ ಕೇಳುತ್ತಲೇ ಇರುತ್ತಾರೆ. "ಕೆಲಸ ಬಿಟ್ಟು ಬರೀಬೇಕು ಅಂತಿದ್ದೇನೆ, ಏನಂತೀರಿ?" ಬ್ಯಾಂಕಿನವರು, ಮೇಷ್ಟ್ರುಗಳು, ಬೆಂಗಳೂರಿನ ಐಟಿ ಹುಡುಗರು. ಬಿಡಿ ಅನ್ನಲಾರೆ, ಬೇಡ ಅಂತಲೂ ಅನ್ನಲಾರೆ. ನನಗೆ ಏನಾಯಿತು ಅಂತ ಹೇಳಬಲ್ಲೆ, ಅಷ್ಟೇ.

ಮೊದಲು ಕೆಲಸ ಎಂಥದ್ದು ಅಂತ ಹೇಳಿಬಿಡುತ್ತೇನೆ. ಬೆಳಿಗ್ಗೆ ಬೆಳೆಗಾರರು ಚೀಲ ತಂದು ಇಳಿಸುತ್ತಾರೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಅಂತ ಬೇರೆ ಬೇರೆ ಲಾಟು ಮಾಡಿ ಒಂದೊಂದಕ್ಕೂ ನಂಬರು ಕೊಡುತ್ತಾರೆ. ವ್ಯಾಪಾರಿಗಳು ಬರುತ್ತಾರೆ, ಅಡಿಕೆ ಹಿಡಿದು ನೋಡುತ್ತಾರೆ, ಒಡೆದು ನೋಡುತ್ತಾರೆ, ತಮ್ಮ ತಮ್ಮ ದರ ಹಾಕುತ್ತಾರೆ. ಆಮೇಲೆ ಟೆಂಡರ್ ತೆರೆಯುತ್ತದೆ. ಹೆಚ್ಚು ದರ ಹಾಕಿದವನಿಗೆ ಲಾಟು. ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರ ಕೊಡುವುದಿಲ್ಲ ಅನ್ನಬಹುದು. ಇಲ್ಲಿವರೆಗೂ ಮಜಾ ಇದೆ. ಮಾತು, ತಮಾಷೆ, ನಿನ್ನೆಗಿಂತ ಇನ್ನೂರು ರೂಪಾಯಿ ಇಳಿಯಿತು ಅನ್ನುವ ಗೊಣಗಾಟ, ಎಲ್ಲ ಇರುತ್ತದೆ.

ಇದೆಲ್ಲ ಮುಗಿದ ಮೇಲೆ ಶುರುವಾಗುವುದು ನನ್ನ ಕೆಲಸ. ತೂಕದ ಚೀಟಿ ಬರುತ್ತದೆ. ತೂಕವನ್ನು ದರದಿಂದ ಗುಣಿಸು. ಹಮಾಲಿ ಕಳೆ, ಸಾಲದ ಬಾಬ್ತು ಕಳೆ, ಕಿರಾಣಿ ವಿಭಾಗದ ಉದ್ರಿ ಕಳೆ. ಉಳಿದದ್ದು ಅವರ ಖಾತೆಗೆ ಜಮಾ. ಮುಂದಿನ ಚೀಟಿ. ಯಾರೂ ಬೈಯುವುದಿಲ್ಲ, ಹೊಗಳುವವರೂ ಇಲ್ಲ. ಸಂಜೆ ಲೆಕ್ಕ ತಾಳೆಯಾದರೆ ಮನೆಗೆ. ಹನ್ನೆರಡು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಎಂಟು ಗಂಟೆ. ಅದೂ ಹನ್ನೆರಡು ರೂಪಾಯಿಯನ್ನು ಕೈಯಿಂದ ಹಾಕುವ ಹಾಗಿಲ್ಲ, ಹುಡುಕಲೇಬೇಕು.

ಬೆಳಿಗ್ಗೆ ಐದರಿಂದ ಏಳರವರೆಗೆ ಕತೆ ಬರೆಯುತ್ತಿದ್ದೆ. ಹತ್ತು ವರ್ಷದಲ್ಲಿ ಎರಡು ಸಂಕಲನ ಬಂದವು. ದುಡ್ಡಿನ ಮಾತು ಹೇಳುವುದಾದರೆ, 150 ರೂಪಾಯಿಯ ಪುಸ್ತಕ, ಹತ್ತು ಪರ್ಸೆಂಟ್ ಗೌರವಧನ, ಅಚ್ಚಾದದ್ದು 500 ಪ್ರತಿ. ಎಲ್ಲ ಖರ್ಚಾದರೆ 7,500 ರೂಪಾಯಿ. ಎಲ್ಲ ಖರ್ಚಾಗಲಿಲ್ಲ. ಹಾಗಾಗಿ ಕತೆ ಬರೆದು ಬದುಕುವ ಭ್ರಮೆ ನನಗೆ ಯಾವತ್ತೂ ಇರಲಿಲ್ಲ. ಆದರೆ ಬೇರೆ ಬರವಣಿಗೆ ಇತ್ತಲ್ಲ.

2022ರಲ್ಲಿ ಬೆಂಗಳೂರಿನ ಗೆಳೆಯನೊಬ್ಬ ಒಂದು ಧಾರಾವಾಹಿಗೆ ಸಂಭಾಷಣೆ ಬರೆಯಲು ಕರೆದ. ಮನೆಯಲ್ಲೇ ಕೂತು ಬರೆದು ಕಳಿಸಿದರೆ ಸಾಕು, ಎಪಿಸೋಡಿಗೆ ಇಷ್ಟು ಅಂತ. ಜೊತೆಗೆ ಅನುವಾದದ ಕೆಲಸ ಸಿಗುವ ಹಾಗಿತ್ತು, ಪದಕ್ಕೆ ಇಷ್ಟು ಅಂತ. ಕೂಡಿ ನೋಡಿದೆ. ಸೊಸೈಟಿಯಲ್ಲಿ ಕೈಗೆ ಬರುತ್ತಿದ್ದದ್ದು 31,000. ಇದು ಅದಕ್ಕಿಂತ ಜಾಸ್ತಿ ಆಗುತ್ತಿತ್ತು. ಲೆಕ್ಕದವನು ನಾನು, ಕೂಡುವುದರಲ್ಲಿ ತಪ್ಪಿರಲಿಲ್ಲ.

ಆಗ ದೊಡ್ಡವರ ಹೆಸರು ಹೇಳಿಕೊಂಡು ವಾದ ಮಾಡುವುದು ಶುರುವಾಯಿತು. ಕೆಲಸ ಬಿಡಬೇಕು ಅನ್ನಿಸಿದ ದಿನ ಕಾರಂತರು ನೆನಪಾಗುತ್ತಿದ್ದರು. ಯಾವ ನೌಕರಿಯನ್ನೂ ನೆಚ್ಚದೆ ಬರೆದು ಬದುಕಿದವರು. ಹೆದರಿಕೆಯಾದ ದಿನ ಮಾಸ್ತಿ. ಮೈಸೂರು ಸರ್ಕಾರದ ಕೆಲಸದಲ್ಲಿದ್ದುಕೊಂಡೇ ಅಷ್ಟೆಲ್ಲ ಬರೆದವರು. ನಮ್ಮದೇ ಜಿಲ್ಲೆಯ ಹನೇಹಳ್ಳಿಯ ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿಯುತ್ತಲೇ ಬರೆದರು. ತೀರಾ ಹೆದರಿಕೆಯಾದ ದಿನ ಗಳಗನಾಥರು, ತಾವು ಬರೆದ ಪುಸ್ತಕವನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಯಾವ ಕಡೆಗೆ ಬೇಕೋ ಆ ಕಡೆಗೆ ಒಬ್ಬರು ಸಿಗುತ್ತಾರೆ. ಇದರಿಂದ ಪ್ರಯೋಜನ ಏನೂ ಇಲ್ಲ.

ರಾಜೀನಾಮೆ ಕೊಡುವ ಧೈರ್ಯ ಇರಲಿಲ್ಲ. ಒಂದು ವರ್ಷ ಸಂಬಳವಿಲ್ಲದ ರಜೆ ಕೇಳಿದೆ. ಬೇರೆ ಕಡೆ ಬರೆಯುತ್ತೇನೆ ಅಂತ ಅರ್ಜಿಯಲ್ಲೇ ಹೇಳಿದ್ದೆ. ಆಡಳಿತ ಮಂಡಳಿ ಒಪ್ಪಿತು. ಸೆಕ್ರೆಟರಿ ಕರೆದು, "ಒಂದು ವರ್ಷ. ಅದರ ಮೇಲೆ ಒಂದು ದಿನ ಕೇಳಬೇಡ ಮಾರಾಯ" ಅಂದರು. ಇಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕಲ್ಲ, ನನ್ನದು ಹನ್ನೊಂದಾಗಿತ್ತು. ಅದನ್ನು ನೋಡಿಕೊಂಡೇ ಹೊರಟಿದ್ದೆ. ಗುಮಾಸ್ತನ ಸಾಹಸ ಅಂದರೆ ಹೀಗೇ ಇರುತ್ತದೆ.

ಆಯಿ ಕೇಳಿದ್ದು ಒಂದೇ ಮಾತು. "ಎಂತಕ್ಕೆ ತಮಾ?" ಹೆಂಡತಿ ಏನೂ ಕೇಳಲಿಲ್ಲ. ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆಯತೊಡಗಿದಳು. ಹಾಲು, ಗ್ಯಾಸು, ಕರೆಂಟು, ಮಗಳ ಫೀಸು, ಎಲ್‌ಐಸಿ, ಆಯಿಯ ಬಿಪಿ ಮಾತ್ರೆ. ಪ್ರತಿಯೊಂದರ ಮುಂದೆ ಮೊತ್ತ, ಮೊತ್ತದ ಮುಂದೆ ತಾರೀಕು. ನಾನು ಮೊತ್ತಗಳನ್ನು ಕೂಡಿ ನೋಡಿ ಸರಿಹೋಗುತ್ತದೆ ಅಂದೆ. ತಾರೀಕು ನೋಡಲಿಲ್ಲ.

ಮೊದಲ ಮೂರು ತಿಂಗಳು ಹಬ್ಬ. ಬೆಳಿಗ್ಗೆ ಬರೆಯುವುದು, ಮಧ್ಯಾಹ್ನ ನಿದ್ದೆ, ಸಂಜೆ ತೋಟಕ್ಕೊಂದು ಸುತ್ತು. ಬಿಲ್ ಕಳಿಸಿದೆ. ಆಮೇಲೆ ಗೊತ್ತಾದದ್ದು ಏನೆಂದರೆ, ನಾನು ಬರೆದ ಎಪಿಸೋಡಿನ ದುಡ್ಡು ಬರೆದಾಗ ಬರುವುದಿಲ್ಲ. ಅದು ಪ್ರಸಾರ ಆಗಬೇಕು. ಆ ತಿಂಗಳು ಮುಗಿಯಬೇಕು. ಬಿಲ್ ಪಾಸಾಗಬೇಕು. ನಿರ್ಮಾಣ ಸಂಸ್ಥೆಯವರು ಚಾನೆಲ್ಲಿನ ಹಣಕ್ಕೆ ಕಾಯುತ್ತಿರುತ್ತಾರೆ, ನಾವು ಅವರ ಹಿಂದೆ ಕಾಯಬೇಕು. ಜೂನಿನಲ್ಲಿ ಬರೆದದ್ದಕ್ಕೆ ದುಡ್ಡು ಬಂದದ್ದು ನವೆಂಬರಿನಲ್ಲಿ. ಅದರಲ್ಲೂ ಹತ್ತು ಪರ್ಸೆಂಟ್ ತೆರಿಗೆ, ಅಂದರೆ ಟಿಡಿಎಸ್, ಹಿಡಿದಿದ್ದರು. ಅದು ವಾಪಸ್ ಬೇಕಾದರೆ ಮುಂದಿನ ವರ್ಷ ರಿಟರ್ನ್ಸ್ ಹಾಕಬೇಕು. ಒಬ್ಬರಂತೂ ಹಿಡಿದ ಟಿಡಿಎಸ್ ಕಟ್ಟಿರಲೇ ಇಲ್ಲ. ನನ್ನ ಹೆಸರಿಗೆ ಜಮಾ ಆದ ತೆರಿಗೆಯ ಪಟ್ಟಿ, 26ಎಎಸ್, ತೆಗೆದು ನೋಡಿದರೆ ಆ ಸಾಲೇ ಇಲ್ಲ.

ಅನುವಾದ ಪರವಾಗಿಲ್ಲ. ಪದ ಎಣಿಸುತ್ತಾರೆ, ಒಂದೂವರೆ ಎರಡು ತಿಂಗಳಿಗೆ ಕೊಡುತ್ತಾರೆ. ಕೆಲಸ ಮಾತ್ರ ಸೊಸೈಟಿಯ ಚೀಟಿಗಿಂತ ಬೇಸರದ್ದು. ಸಾಬೂನಿನ ಡಬ್ಬಿಯ ಹಿಂದಿನ ಸೂಚನೆ, ಮೊಬೈಲ್ ಆ್ಯಪಿನ ಷರತ್ತುಗಳು. ಬೇಸರದ ಕೆಲಸ ಬಿಟ್ಟು ಬಂದವನು ಸಾಬೂನಿನ ಡಬ್ಬಿ ಅನುವಾದ ಮಾಡುತ್ತ ಕೂತಿದ್ದೆ.

ಒಂದು ಅಭಿನಂದನ ಗ್ರಂಥವನ್ನೂ ಒಪ್ಪಿಕೊಂಡೆ. ಹಿರಿಯರೊಬ್ಬರ ಎಪ್ಪತ್ತೈದನೇ ವರ್ಷದ್ದು. ನಲವತ್ತು ಲೇಖನ ತಿದ್ದಿ, ಅದರಲ್ಲಿ ಹನ್ನೊಂದನ್ನು ಹೆಚ್ಚುಕಮ್ಮಿ ನಾನೇ ಬರೆದೆ. ಅರ್ಧ ದುಡ್ಡು ಮೊದಲೇ ಕೊಟ್ಟಿದ್ದರು. ಇನ್ನರ್ಧಕ್ಕೆ ಸಮಿತಿಯಲ್ಲಿ ಅಣ್ಣನ ಕಡೆಯವರು ತಮ್ಮನ ಕಡೆಗೆ ತೋರಿಸಿದರು, ತಮ್ಮನ ಕಡೆಯವರು ಅಣ್ಣನ ಕಡೆಗೆ. ಶಾಲು, ಹಣ್ಣಿನ ಬುಟ್ಟಿ ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಬಂದವು.

ಫೆಬ್ರವರಿಯಲ್ಲಿ ಎಲ್‌ಐಸಿ ಕಂತು ಬಂತು. ಹೊರಗಿನಿಂದ ನನಗೆ ಬರಬೇಕಾದ್ದು ಒಂದು ಲಕ್ಷಕ್ಕೂ ಜಾಸ್ತಿ ಇತ್ತು. ಕೈಯಲ್ಲಿ ಆರು ಸಾವಿರ. ಹೆಂಡತಿಯ ಬಳೆ ತಗೊಂಡು ಸೊಸೈಟಿಗೇ ಹೋದೆ. ಬೇರೆ ಎಲ್ಲಿಗೆ ಹೋಗಲಿ? ಬಂಗಾರ ಸಾಲದ ಕೌಂಟರಿನಲ್ಲಿ ನನ್ನ ಜೊತೆಗೆ ಸೇರಿದವನೇ ಇದ್ದ. ಏನೂ ಕೇಳಲಿಲ್ಲ. ಕಾಗದ ತುಂಬಿಸಿ, ತೂಕ ಮಾಡಿಸಿ, ಇಪ್ಪತ್ತು ನಿಮಿಷಕ್ಕೆ ದುಡ್ಡು ಕೈಗೆ ಕೊಟ್ಟ. "ಚಾ ಕುಡೀತ್ಯನಾ?" ಅಂದ. ಆ ಚಾ ನುಂಗಲು ಕಷ್ಟವಾಯಿತು.

ಅದೇ ವಾರ ಧಾರಾವಾಹಿಯ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿದೆ. "ಮುಂದಿನ ವಾರ ಒಂದು ಫೋನ್ ಮಾಡಿ ಸರ್, ಒಂದು ಸಹಿ ಬಾಕಿ ಇದೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಒಳ್ಳೇ ಮರ್ಯಾದೆಯಿಂದಲೇ ಹೇಳಿದರು. ಫೋನ್ ಇಟ್ಟ ಮೇಲೆ ಈ ದನಿಯನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಅದು ನನ್ನದೇ ದನಿ.

2017ರ ಹೊತ್ತಿಗೆ ಒಬ್ಬರು ಬರುತ್ತಿದ್ದರು. ಘಟ್ಟದಂಚಿನ ಹಳ್ಳಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಅಪ್ಪ ತೀರಿಕೊಂಡಿದ್ದರು, ಅವರ ಖಾತೆಯಲ್ಲಿದ್ದ ಹಣ ಇವರಿಗೆ ಬರಬೇಕಿತ್ತು. ಮರಣ ಪ್ರಮಾಣಪತ್ರ ತನ್ನಿ ಅಂದೆ. ತಂದರು. ನೋಡಿ, ವಂಶಾವಳಿ ಬೇಕು ಅಂದೆ. ಹೋಗಿ ಮಾಡಿಸಿ ತಂದರು. ಅದನ್ನು ನೋಡಿದ ಮೇಲೆ, ಅಕ್ಕ ತಂಗಿಯರ ಒಪ್ಪಿಗೆ ಪತ್ರ ಬೇಕಾಗುತ್ತದಲ್ಲ ಅಂದೆ. ಈ ಮೂರೂ ಬೇಕು ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ಅವರ ಮೇಲೆ ನನಗೇನೂ ಹಟ ಇರಲಿಲ್ಲ. ಎದುರಿಗೆ ಬಂದ ಕಾಗದ ನೋಡಿ, ಅದರಲ್ಲಿ ಏನು ಕಡಿಮೆಯಿದೆ ಅಂತ ಹೇಳುವುದು ನನ್ನ ಕೆಲಸ ಅಂದುಕೊಂಡಿದ್ದೆ. ಕೌಂಟರಿನ ಈಚೆ ಒಂದು ನಿಮಿಷದ ಮಾತು. ಆಚೆಗೆ ಒಂದು ದಿನದ ಕೂಲಿ, ಬಸ್ ಚಾರ್ಜು, ಹೋಟೆಲ್ ಊಟ. ಬರೆದು ಬದುಕಲು ಹೋಗದೇ ಇದ್ದಿದ್ದರೆ ನಿವೃತ್ತಿಯವರೆಗೂ ಇದು ನನಗೆ ಹೊಳೆಯುತ್ತಿರಲಿಲ್ಲವೇನೋ.

ವರ್ಷ ಮುಗಿಯಿತು. ಲೆಕ್ಕ ತೆಗೆದೆ. ಬಿಲ್ ಮಾಡಿದ್ದು 4,12,000. ಸೊಸೈಟಿಯ ಹನ್ನೆರಡು ತಿಂಗಳ ಸಂಬಳಕ್ಕಿಂತ 40,000 ಜಾಸ್ತಿ. ಅಷ್ಟರೊಳಗೆ ಕೈಗೆ ಬಂದಿದ್ದದ್ದು 2,65,000. ಹಾಗಾಗಿ ಬರವಣಿಗೆಯಲ್ಲಿ ದುಡ್ಡಿಲ್ಲ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದುಡ್ಡಿದೆ. ತಾರೀಕಿಲ್ಲ. ಗ್ಯಾಸಿನವನಿಗೂ ಎಲ್‌ಐಸಿಗೂ ತಾರೀಕು ಇದೆ.

ಕತೆಗಳ ಲೆಕ್ಕ ಇನ್ನೂ ಸುಲಭ. ಒಂದೂ ಬರೆಯಲಿಲ್ಲ. ಸಮಯ ಇರಲಿಲ್ಲ ಅಂದರೆ ಸುಳ್ಳು. ದಿನಕ್ಕೆ ನಾಲ್ಕು ತಾಸು ಖಾಲಿ ಇರುತ್ತಿದ್ದೆ. ಆದರೆ ತಲೆಗೆ ಏನೇ ಬಂದರೂ ಇದು ಯಾವ ಎಪಿಸೋಡಿಗೆ ಹೋದೀತು ಅಂತಲೇ ಕಾಣುತ್ತಿತ್ತು. ಮತ್ತೆ, ನನ್ನ ಕತೆಗೆ ಮನುಷ್ಯರು ಸಿಗುತ್ತಿದ್ದದ್ದೇ ಕೌಂಟರಿನಲ್ಲಿ. ದರ ಒಪ್ಪದೆ ಚೀಲ ವಾಪಸ್ ಹೊತ್ತು ಹೋಗುವವರು, ಅಣ್ಣನಿಗೆ ಹೇಳಬೇಡಿ ಅಂತ ಬೇರೆ ಖಾತೆಗೆ ಜಮಾ ಮಾಡಿಸುವವರು. ಮನೆಯಲ್ಲಿ ಕೂತರೆ ಸಿಗುವುದು ಗೋಡೆ ಮತ್ತು ಮೊಬೈಲು. ಇದು ನನ್ನ ಮಾತು. ಏಕಾಂತದಲ್ಲೇ ಬರೆಯಬಲ್ಲವರು ಬೇಕಾದಷ್ಟು ಜನ ಇದ್ದಾರೆ.

2023ರ ಜೂನಿನಲ್ಲಿ ವಾಪಸ್ ಹೋದೆ. ಒಂದು ಇನ್‌ಕ್ರಿಮೆಂಟ್ ಹೋಯಿತು, ಒಂದು ವರ್ಷದ ಪಿಎಫ್ ಹೋಯಿತು. ಮೊದಲ ದಿನ ಸೆಕ್ರೆಟರಿ ಮುಖ ನೋಡಿ, "ಚೀಟಿ ಬಾಕಿ ಇದೆ" ಅಂದರು. ಅಷ್ಟೇ ಸ್ವಾಗತ.

ಆಮೇಲೆ ಎರಡು ಕೆಲಸ ಮಾಡಿದೆ. ಖಾತೆದಾರರು ತೀರಿಕೊಂಡರೆ ಏನೇನು ಕಾಗದ ಬೇಕು ಅಂತ ಒಂದೇ ಹಾಳೆಯಲ್ಲಿ ಬರೆದು ಅಚ್ಚು ಹಾಕಿಸಿದೆ. ಕೇಳಿದವರಿಗೆ ಮೊದಲ ದಿನವೇ ಕೊಡುತ್ತೇವೆ. ಹಾಳೆಯ ಕೆಳಗೆ ಒಂದು ಖಾಲಿ ಗೆರೆ ಇದೆ. ಎಲ್ಲ ಸರಿಯಿದ್ದರೆ ಹಣ ಯಾವ ದಿನ ಸಿಗುತ್ತದೆ ಅಂತ ಅಲ್ಲಿ ಪೆನ್ನಿನಲ್ಲಿ ಬರೆದು ಸಹಿ ಹಾಕುತ್ತೇನೆ. ಆ ಗೆರೆಗೆ ಸಹೋದ್ಯೋಗಿಗಳು ಹೆದರಿದರು. ತಾರೀಕು ಬರೆದರೆ ಸಿಕ್ಕಿಹಾಕಿಕೊಳ್ಳುತ್ತೇವೆ ಅಂದರು. ಹೌದು, ಸಿಕ್ಕಿಹಾಕಿಕೊಳ್ಳುತ್ತೇವೆ. ಎರಡು ಸಲ ನಾನೇ ತಪ್ಪಿದ್ದೇನೆ, ಫೋನ್ ಮಾಡಿ ಹೇಳಿದ್ದೇನೆ.

ಎರಡನೆಯದು ನೋಟೀಸು. ನಮ್ಮ ಹಳೇ ನೋಟೀಸು ಶುರುವಾಗುತ್ತಿದ್ದದ್ದೇ "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಹೆಸರಿನಲ್ಲಿರುವ ಸದರಿ ಸಾಲವು ವಾಯಿದೆ ಮೀರಿದ್ದು" ಅಂತ. ವಾಕ್ಯ ಮುಗಿಯುವಾಗ ಓದುವವರಿಗೆ ಉಸಿರು ಕಟ್ಟುತ್ತಿತ್ತು. ಧಾರಾವಾಹಿಯಲ್ಲಿ ನಾನು ಕಲಿತದ್ದು ಕತ್ತರಿಸುವುದು. ಎಂಟು ಪದಕ್ಕಿಂತ ಉದ್ದದ ಮಾತನ್ನು ನಟರು ನುಂಗಿಬಿಡುತ್ತಾರೆ. ಆ ಅಳತೆಯಲ್ಲೇ ಬರೆದೆ. "ನಿಮ್ಮ ಸಾಲದ ವಾಯಿದೆ ಮಾರ್ಚ್ 31. ಕಟ್ಟಬೇಕಾದ ಮೊತ್ತ ಇಷ್ಟು. ಕಷ್ಟ ಇದ್ದರೆ ಅಷ್ಟರೊಳಗೆ ಬಂದು ಮಾತಾಡಿ." ಸೆಕ್ರೆಟರಿಗೆ ಇದರಲ್ಲಿ ಗತ್ತಿಲ್ಲ ಅನ್ನಿಸಿತು. "ಮಾತಾಡಿ ಅಂದರೆ ಎಲ್ಲರೂ ಬಂದು ಮಾತಾಡುತ್ತಾರಲ್ಲ ಮಾರಾಯ" ಅಂದರು. ಬಂದರು. ಆ ಮಾರ್ಚ್ ನನಗೆ ಊಟಕ್ಕೂ ಪುರಸೊತ್ತಿರಲಿಲ್ಲ.

ಕೆಲಸ ಬಿಡಲಾ ಅಂತ ಕೇಳುವವರಿಗೆ ಈಗ ಹೇಳುವುದು ಇಷ್ಟು. ಮನೆಯ ಖರ್ಚನ್ನು ತಾರೀಕು ಹಾಕಿ ಬರೆಯಿರಿ. ಬರುವ ದುಡ್ಡನ್ನೂ ತಾರೀಕು ಹಾಕಿ ಬರೆಯಿರಿ, ಅವರು ಹೇಳಿದ ತಾರೀಕಿಗೆ ನಾಲ್ಕು ತಿಂಗಳು ಸೇರಿಸಿ. ಅರ್ಧ ಮುಂಗಡ ಇಲ್ಲದೆ ಪೆನ್ನು ಮುಟ್ಟಬೇಡಿ, ಗೆಳೆಯನಾದರೂ ಸರಿ. ಗೆಳೆಯನಾದರೆ ಜಾಸ್ತಿ ಎಚ್ಚರ. ಇಷ್ಟಾದ ಮೇಲೂ ಬಿಡಬೇಕು ಅನ್ನಿಸಿದರೆ ಬಿಡಿ. ನಾನು ಹೋಗಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಬಳೆಯನ್ನು ವಾಪಸ್ ಸೇರಿದ ವರ್ಷವೇ ಅಕ್ಟೋಬರಿನಲ್ಲಿ ಬಿಡಿಸಿಕೊಂಡೆ. ಹೆಂಡತಿ ಈಗಲೂ ಏನೂ ಕೇಳುವುದಿಲ್ಲ, ಕ್ಯಾಲೆಂಡರಿನ ಆ ಹಾಳೆಯನ್ನು ಮಾತ್ರ ಎಸೆದಿಲ್ಲ.

ಬೆಳಿಗ್ಗೆ ಐದಕ್ಕೆ ಏಳುವುದು ಮತ್ತೆ ಶುರುವಾಗಿದೆ. ಮೂರನೇ ಸಂಕಲನಕ್ಕೆ ಆರು ಕತೆ ಆಗಿವೆ.

ಧಾರಾವಾಹಿಯವರಿಂದ ಇನ್ನೂ 38,000 ಬರಬೇಕು. ಪ್ರತಿ ತಿಂಗಳು ಮೊದಲ ಸೋಮವಾರ ಊಟದ ಬಿಡುವಿನಲ್ಲಿ ಫೋನ್ ಮಾಡುತ್ತೇನೆ. ಮೊನ್ನೆ ಮಾಡಿದಾಗ ಹೊಸ ಹುಡುಗ ಎತ್ತಿದ. ಯಾವ ಬಿಲ್ ಸರ್, ಇನ್ನೊಂದು ಸಲ ಕಳಿಸಿ ಅಂದ. ಕಳಿಸಿದೆ. ಏಳನೇ ಸಲ.