ಫೈನೈಟ್ ಎಲಿಮೆಂಟ್ ಪ್ರೋಗ್ರಾಮಿಂಗ್‌ಗೆ ಯಾವ ಬುಕ್ ಓದಲಿ ಸಾರ್?

ಫೈನೈಟ್ ಎಲಿಮೆಂಟ್ ಅಂದರೆ ಒಂದು ವಸ್ತುವನ್ನು ಎಲಿಮೆಂಟ್ ಎಂಬ ಪುಟ್ಟ ಪುಟ್ಟ ತುಂಡುಗಳಾಗಿ ಒಡೆದು, ಒತ್ತಿದರೆ ಎಳೆದರೆ ಅದು ಎಷ್ಟು ಬಗ್ಗುತ್ತದೆ, ಹಿಗ್ಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ. ಈ ಪ್ರಶ್ನೆ ನನಗೆ ಎಲ್ಲೆಲ್ಲೋ ಎದುರಾಗಿದೆ. ಆಫೀಸಿನ ಕ್ಯಾಂಟೀನಿನಲ್ಲಿ, ಪರ್ಪಲ್ ಲೈನ್ ಮೆಟ್ರೋದಲ್ಲಿ ಕಂಬಿ ಹಿಡಿದು ನಿಂತಾಗ, ಒಮ್ಮೆ ಬಸವನಗುಡಿಯ ಛತ್ರವೊಂದರಲ್ಲಿ ಒಬ್ಬಟ್ಟಿನ ಮೇಲೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ. ಕೇಳುವವರಲ್ಲಿ ಎರಡು ಥರ. ಒಬ್ಬರು ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೂತು, ಯಾವುದೋ ದೇಶದ ಕಾರಿನ ಬಾಗಿಲಿಗೆ ಮೂರ್ನಾಲ್ಕು ವರ್ಷ ಮೆಶ್ ಮಾಡಿ ಮಾಡಿ, ಅಂದರೆ ಅದನ್ನು ಎಲಿಮೆಂಟುಗಳಾಗಿ ಒಡೆದು ಒಡೆದು, ಬೇಸತ್ತವರು: "ಸಾರ್, ರನ್ ಬಟನ್ ಒತ್ತೋದು ಗೊತ್ತು, ಒತ್ತಿದ್ಮೇಲೆ ಒಳಗೇನಾಗುತ್ತೆ ಅಂತ ಗೊತ್ತಿಲ್ಲ." ಇನ್ನೊಬ್ಬರು ವಿಟಿಯು ಪರೀಕ್ಷೆಗೆ ಸ್ಟೆಪ್ಡ್ ಬಾರ್ ಲೆಕ್ಕವನ್ನು ಉರು ಹೊಡೆದು ಪಾಸಾಗಿ, ಈಗ ಎಂ.ಟೆಕ್ ಪ್ರಾಜೆಕ್ಟಿಗೆ ಸ್ವಂತ ಕೋಡ್ ಬರೆಯಬೇಕಾಗಿ ಬಂದವರು. ಇಬ್ಬರ ಬೇಡಿಕೆಯೂ ಒಂದೇ: "ಒಂದೇ ಒಂದು ಬುಕ್ ಹೇಳಿ, ಸಾಕು."

ಒಂದೇ ಅಂದರೆ ಚಂದ್ರುಪಟ್ಲ ಮತ್ತು ಬೆಲೆಗುಂದು ಬರೆದ 'ಇಂಟ್ರೊಡಕ್ಷನ್ ಟು ಫೈನೈಟ್ ಎಲಿಮೆಂಟ್ಸ್ ಇನ್ ಎಂಜಿನಿಯರಿಂಗ್'. ಅವಸರವಿದ್ದವರು ಇಷ್ಟು ಓದಿ ಹೊರಡಬಹುದು. ಆದರೆ ನನ್ನ ಮಾತು ಕೇಳಿ ಅದನ್ನು ಕೊಂಡವರಲ್ಲಿ ಹಲವರು ಎರಡು ಅಧ್ಯಾಯ ಓದಿ, ಬಸ್ ಟಿಕೆಟ್ಟನ್ನು ಗುರುತಿಗಿಟ್ಟು ಮುಚ್ಚಿಬಿಟ್ಟಿದ್ದಾರೆ. ತಪ್ಪು ಪುಸ್ತಕದ್ದಲ್ಲ. ಅದನ್ನು ಕಾದಂಬರಿಯ ಹಾಗೆ ಮೊದಲ ಪುಟದಿಂದ ಓದಹೊರಟದ್ದು ತಪ್ಪು. ಈ ವಿಷಯದ ಪುಸ್ತಕವನ್ನು ತೆರೆಯಬೇಕಾದದ್ದು ನಮ್ಮ ಕೋಡ್ ಎಲ್ಲೋ ಸಿಕ್ಕಿಹಾಕಿಕೊಂಡಾಗ. ಅಂದರೆ ಮೊದಲು ಸಿಕ್ಕಿಹಾಕಿಕೊಳ್ಳುವಷ್ಟಾದರೂ ಕೋಡ್ ಕೈಯಲ್ಲಿರಬೇಕು.

ಅದಕ್ಕೇ ಕೇಳಿದವರನ್ನು ಹತ್ತಿರದ ದರ್ಶಿನಿಗೆ ಕರೆದುಕೊಂಡು ಹೋಗಿ, ಬಿಲ್ಲಿನ ಹಿಂದೆ ಎರಡು ಸ್ಪ್ರಿಂಗ್ ಬರೆದುಕೊಡುತ್ತೇನೆ. ಗೋಡೆಗೆ ಅಂಟಿದ ಮೊದಲನೆಯದರ ಬಿಗಿತ ಮಿಲಿಮೀಟರಿಗೆ 200 ನ್ಯೂಟನ್. ಅದರ ತುದಿಗೆ ಕಟ್ಟಿದ ಎರಡನೆಯದರದ್ದು 100. ಕೊನೆಯಲ್ಲಿ 100 ನ್ಯೂಟನ್ ಎಳೆತ. ಬಾಯಿಲೆಕ್ಕದಲ್ಲೇ ಮೊದಲನೆಯದು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ, ಎರಡನೆಯದು ಒಂದು. ಸ್ಪ್ರಿಂಗಿನ ತುದಿಯ ಬಿಂದುವಿಗೆ ನೋಡ್ ಅನ್ನುತ್ತಾರೆ. ನಡುವಿನ ನೋಡ್ 0.5, ಕೊನೆಯದು 1.5 ಸರಿಯುತ್ತದೆ. ಇದನ್ನೇ ಪೈಥಾನಿನಲ್ಲಿ ಮ್ಯಾಟ್ರಿಕ್ಸ್ ಮಾಡಿ ಬಿಡಿಸಿಕೊಂಡು ಬನ್ನಿ ಅನ್ನುತ್ತೇನೆ. ಮೂರು ಸಾಲು, ಮೂರು ಕಂಬ. ನಡುವಿನ ಮನೆಗೆ ಮೊದಲ ಸ್ಪ್ರಿಂಗಿನ 200, ಎರಡನೆಯದರ 100, ಎರಡೂ ಬಂದು ಸೇರಿ 300 ಆಗುತ್ತದೆ. ಅಸೆಂಬ್ಲಿ ಅಂದರೆ ಇದೇ. ಲಕ್ಷ ಎಲಿಮೆಂಟಿನ ಕಾರಿನ ಬಾಗಿಲಲ್ಲೂ ಸಮೀಕರಣ ಬಿಡಿಸುವ ಸಾಲ್ವರ್ ಮಾಡುವುದು ಈ 300ರ ಕೆಲಸವನ್ನೇ.

ಗೋಡೆಯ ವಿಷಯ ಮರೆತು ಸಾಲ್ವ್ ಕೊಟ್ಟರೆ ಮ್ಯಾಟ್ರಿಕ್ಸ್ ಸಿಂಗ್ಯುಲರ್, ಒಂದೇ ಉತ್ತರ ಬರುವಂಥದ್ದಲ್ಲ, ಅಂತ ಪೈಥಾನ್ ಕೈ ಎತ್ತುತ್ತದೆ. ಪ್ರತಿ ಸಾಲನ್ನೂ ಕೂಡಿ ನೋಡಿ, ಸೊನ್ನೆ. ಗೂಟಕ್ಕೆ ಕಟ್ಟದ ಹಸು ಎಲ್ಲಿದೆ ಎಂದು ಹೇಳುವುದು ಹೇಗೆ?

ಇಷ್ಟು ಎಲ್ಲರೂ ಮಾಡಿಕೊಂಡು ಬರುತ್ತಾರೆ. ಆಮೇಲೆ ನಾನು ಒಂದು ಕಿತಾಪತಿ ಮಾಡುತ್ತೇನೆ. ನೋಡ್‌ಗಳ ನಂಬರನ್ನು ಅದಲುಬದಲು ಮಾಡಿ, ನಡುವಿನದ್ದನ್ನು 3 ಅಂತ, ಕೊನೆಯದ್ದನ್ನು 2 ಅಂತ ಕರೆಯುತ್ತೇನೆ. ಲೂಪಿನಲ್ಲಿ 'ಐ' ಮತ್ತು 'ಐ ಪ್ಲಸ್ ಒಂದು' ಅಂತ ಬರೆದವರೆಲ್ಲ ಇಲ್ಲಿ ಬೀಳುತ್ತಾರೆ. ಯಾವ ಎಲಿಮೆಂಟಿಗೆ ಯಾವ ಯಾವ ನೋಡ್ ಎನ್ನುವ ಪಟ್ಟಿಯೊಂದು, ಅಂದರೆ ಕನೆಕ್ಟಿವಿಟಿ ಟೇಬಲ್, ಬೇಕೇ ಬೇಕು ಎಂಬುದು ಆಗ ತಲೆಗೆ ಹೋಗುತ್ತದೆ. ಪಠ್ಯಪುಸ್ತಕಗಳು ಮೊದಲ ಲೆಕ್ಕದಲ್ಲಿ ನೋಡ್‌ಗಳನ್ನು ಶಾಲೆ ಮಕ್ಕಳ ಸಾಲಿನ ಹಾಗೆ 1, 2, 3 ಅಂತ ನಿಲ್ಲಿಸಿಬಿಡುವುದರಿಂದ ಈ ಟೇಬಲ್ಲಿನ ಅಗತ್ಯ ಕಣ್ಣಿಗೇ ಬೀಳುವುದಿಲ್ಲ.

ಈಗ ಚಂದ್ರುಪಟ್ಲ ತೆರೆಯಿರಿ. 1991ರಲ್ಲಿ ಮೊದಲು ಬಂದ ಪುಸ್ತಕ. ಅಧ್ಯಾಯ ಮುಗಿದ ಕೂಡಲೇ ಅದರ ಪ್ರೋಗ್ರಾಂ ಇರುತ್ತದೆ. ಬೇಸಿಕ್, ಫೋರ್ಟ್ರಾನ್, ಸಿ, ಆಮೇಲಿನ ಎಡಿಷನ್ನುಗಳಲ್ಲಿ ಮ್ಯಾಟ್‌ಲ್ಯಾಬ್ ಮತ್ತು ಎಕ್ಸೆಲ್ ಕೂಡ. ಪ್ರೋಗ್ರಾಮುಗಳು ಪುಟ್ಟವು, ಒಂದು ಸಂಜೆ ಸಾಕು. ನನಗೆ ಬಹಳ ಇಷ್ಟವಾದದ್ದು ಗೋಡೆಗೆ ಕಟ್ಟುವ ಅದರ ಪೆನಾಲ್ಟಿ ವಿಧಾನ. ಮ್ಯಾಟ್ರಿಕ್ಸಿನ ಅತಿ ದೊಡ್ಡ ಸಂಖ್ಯೆಯನ್ನು 10,000ದಿಂದ ಗುಣಿಸಿ, ಗೋಡೆಯ ನೋಡಿನ ಕರ್ಣದ ಮನೆಗೆ ಕೂಡಿಸುವುದು, ಅಷ್ಟೇ. ನಮ್ಮ ಸ್ಪ್ರಿಂಗಿಗೆ ಅದು 30 ಲಕ್ಷ. ಸಾಲ್ವ್ ಮಾಡಿದರೆ ಗೋಡೆಯ ನೋಡ್ ಪೂರ್ತಿ ಸೊನ್ನೆಯಾಗುವುದಿಲ್ಲ, 0.0000333 ಮಿಲಿಮೀಟರ್ ಅಲ್ಲಾಡುತ್ತದೆ. ಅದನ್ನು ಮತ್ತೆ 30 ಲಕ್ಷದಿಂದ ಗುಣಿಸಿದರೆ 100 ನ್ಯೂಟನ್, ಗೋಡೆ ಹಿಡಿದುಕೊಂಡ ಬಲ ತಾನಾಗಿ ಸಿಕ್ಕಿತು. ಗೋಡೆಯೂ ಒಂದು ಭಾರೀ ಗಟ್ಟಿ ಸ್ಪ್ರಿಂಗ್ ಎಂದುಕೊಂಡರಾಯಿತು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು.

ಅದರ ಕೋಡನ್ನು ಹಾಗೆಯೇ ನಕಲು ಮಾಡಬೇಡಿ. ಒಂದೆರಡು ಅಕ್ಷರದ ವೇರಿಯಬಲ್ ಹೆಸರುಗಳು, ಮೆಮೊರಿ ಉಳಿಸಲು ಮಡಚಿಟ್ಟ ಬ್ಯಾಂಡೆಡ್ ಮ್ಯಾಟ್ರಿಕ್ಸ್, ಎಲ್ಲ ಆ ಕಾಲದ ಅನಿವಾರ್ಯ. ಲೆಕ್ಕ ತೆಗೆದುಕೊಳ್ಳಿ, ಉತ್ತರ ತೆಗೆದುಕೊಳ್ಳಿ, ಕೋಡ್ ನಿಮ್ಮದೇ ಇರಲಿ.

ಸ್ಪ್ರಿಂಗ್ ಆಯಿತು, ಸರಳು ಜೋಡಿಸಿ ಕಟ್ಟಿದ ಟ್ರಸ್ ಆಯಿತು, ಮುಂದೆ ತ್ರಿಕೋನ. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು ವಿಮಾನದ ರಚನೆಗಾಗಿ ಬರೆದ ಪ್ರಬಂಧದಲ್ಲಿದ್ದ ಮೂರು ನೋಡಿನ ತ್ರಿಕೋನವನ್ನೇ ಇವತ್ತೂ ಎಲ್ಲರೂ ಮೊದಲು ಕೋಡ್ ಮಾಡುವುದು. ನಾನು ಮಾಡಿದಾಗ ತಗಡನ್ನು ಕೆಳಕ್ಕೆ ಒತ್ತಿದರೆ ಅದು ಮೇಲಕ್ಕೆ ಏಳುತ್ತಿತ್ತು. ಸಂಖ್ಯೆ ಸರಿ, ಚಿಹ್ನೆ ಮಾತ್ರ ಉಲ್ಟಾ. ಮೂರು ದಿನ ಸಾಲ್ವರನ್ನು ಬೈದೆ. ಕೊನೆಗೆ ನೋಡಿದರೆ ನೋಡ್‌ಗಳನ್ನು ದೇವಸ್ಥಾನದ ಪ್ರದಕ್ಷಿಣೆಯ ದಿಕ್ಕಿನಲ್ಲಿ ಪಟ್ಟಿ ಮಾಡಿದ್ದೆ. ಸೂತ್ರಕ್ಕೆ ಬೇಕಾದದ್ದು ಅಪ್ರದಕ್ಷಿಣೆ. ಹಾಗಾಗಿ ಪ್ರತಿ ತ್ರಿಕೋನದ ವಿಸ್ತೀರ್ಣವೂ ಮೈನಸ್, ಅದರಿಂದ ಇಡೀ ಸ್ಟಿಫ್‌ನೆಸ್ (ಬಿಗಿತದ) ಮ್ಯಾಟ್ರಿಕ್ಸೇ ಮೈನಸ್. ಪುಸ್ತಕದಲ್ಲಿ ಅಪ್ರದಕ್ಷಿಣೆ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಕೋಡ್ ಕೆಡುವ ಮೊದಲು ಓದಿದ್ದರಿಂದ ಆ ಸಾಲು ಕಣ್ಣಿಗಷ್ಟೇ ಬಿದ್ದಿತ್ತು.

ನೋಡಿಗೆ ಎರಡು ಮೂರು ಡಿಗ್ರಿ ಆಫ್ ಫ್ರೀಡಂ, ಅಂದರೆ ಸರಿಯುವ, ತಿರುಗುವ ದಾರಿಗಳು, ಬಂದು ಯಾವುದು ಎಲ್ಲಿ ಎಂಬ ಲೆಕ್ಕ ಜಟಿಲವಾಗುವ ಹಂತದಲ್ಲಿ ಹ್ಯೂಸ್ ಬರೆದ 'ದ ಫೈನೈಟ್ ಎಲಿಮೆಂಟ್ ಮೆಥಡ್' ಬೇಕು. 1987ರ ಪುಸ್ತಕ. 2000ದಲ್ಲಿ ಡೋವರ್‌ನವರು ಮರುಮುದ್ರಿಸಿದ್ದರಿಂದ ಕೈಗೆಟುಕುವಂತಾಯಿತು. ಯಾವ ಎಲಿಮೆಂಟಿಗೆ ಯಾವ ನೋಡ್, ಯಾವ ನೋಡಿಗೆ ಯಾವ ಸಮೀಕರಣ, ಎರಡನ್ನೂ ಜೋಡಿಸಿದರೆ ಯಾವ ಎಲಿಮೆಂಟಿಗೆ ಯಾವ ಸಮೀಕರಣ, ಈ ಮೂರು ಟೇಬಲ್ಲುಗಳನ್ನು ಹ್ಯೂಸ್ ಇಟ್ಟಷ್ಟು ಅಚ್ಚುಕಟ್ಟಾಗಿ ಇನ್ನಾರೂ ಇಟ್ಟಿಲ್ಲ ಎಂದು ನನ್ನ ಅನಿಸಿಕೆ. ಗಣಿತ ಬಿಗಿಯಾಗಿದೆ, ಒಂದು ಪುಟಕ್ಕೆ ಒಂದು ಲೋಟ ಕಾಫಿ.

ಸಿವಿಲ್‌ನವರಾದರೆ, ಅದರಲ್ಲೂ ಮಣ್ಣು, ನೀರು ನಿಮ್ಮ ಕ್ಷೇತ್ರವಾದರೆ, ಸ್ಮಿತ್ ಮತ್ತು ಗ್ರಿಫಿತ್ಸ್ ಅವರ 'ಪ್ರೋಗ್ರಾಮಿಂಗ್ ದ ಫೈನೈಟ್ ಎಲಿಮೆಂಟ್ ಮೆಥಡ್'. ಹೆಸರಿನಲ್ಲೇ ಪ್ರೋಗ್ರಾಮಿಂಗ್ ಇದೆ, ಒಳಗೂ ಅದೇ. 1982ರಿಂದ 2014ರ ಐದನೇ ಎಡಿಷನ್ನಿನವರೆಗೆ ಹಠ ಹಿಡಿದು ಫೋರ್ಟ್ರಾನಿನಲ್ಲೇ ಇದೆ. ಹುಡುಗರು ಮೂಗು ಮುರಿಯುತ್ತಾರೆ. ಸಣ್ಣ ಸಣ್ಣ ಸಬ್‌ರುಟೀನುಗಳನ್ನು ಇಟ್ಟಿಗೆಯಂತೆ ಜೋಡಿಸಿ ಕಟ್ಟುವ ಅದರ ಕ್ರಮ ಯಾವ ಭಾಷೆಗಾದರೂ ಹೊಂದುತ್ತದೆ.

ಬಾಥೆಯವರ 1996ರ ಪುಸ್ತಕ 'ಫೈನೈಟ್ ಎಲಿಮೆಂಟ್ ಪ್ರೊಸೀಜರ್ಸ್'ಗೆ ಸಾವಿರಕ್ಕೂ ಹೆಚ್ಚು ಪುಟ. ಮೊದಲ ಪುಸ್ತಕವಾಗಿ ಖಂಡಿತ ಬೇಡ. ಕೊನೆಯಲ್ಲಿರುವ ಸ್ಟ್ಯಾಪ್ ಎಂಬ ಪುಟ್ಟ ಟ್ರಸ್ ಪ್ರೋಗ್ರಾಂ ಓದಿ, ಎಂಐಟಿ ಉಚಿತವಾಗಿ ಹಾಕಿರುವ ಅವರ ಹಳೆಯ ವಿಡಿಯೋ ಪಾಠ ನೋಡಿ, ಉಳಿದದ್ದು ಬೇಕಾದಾಗ. ಜೀನ್ಕೀವಿಚ್ ಅವರ ಪುಸ್ತಕ ಕಪಾಟಿನಲ್ಲಿರಲಿ. ನಮ್ಮವರಲ್ಲಿ ಪ್ರೋಗ್ರಾಮಿಂಗ್ ಬಗ್ಗೆ ಮನಸ್ಸಿಟ್ಟು ಬರೆದವರು ಸಿ. ಎಸ್. ಕೃಷ್ಣಮೂರ್ತಿ. ಪರೀಕ್ಷೆ ಎದುರಿಗಿದ್ದರೆ ಭಾವಿಕಟ್ಟಿಯವರ ಪುಸ್ತಕ ಸಾಕು, ಕೈಲೆಕ್ಕಕ್ಕೆ ಅದು ಹೇಳಿ ಮಾಡಿಸಿದ್ದು.

ಫೆನಿಕ್ಸ್, ಡೀಲ್ ಟೂ ಎಂಬ ಸಿದ್ಧ ಸಾಫ್ಟ್‌ವೇರುಗಳು ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರೂ ಇದ್ದಾರೆ. ಎರಡೂ ಒಳ್ಳೆಯವು. ಡೀಲ್ ಟೂ ಜೊತೆ ಬರುವ ಟ್ಯುಟೋರಿಯಲ್ಲುಗಳನ್ನು ಪಠ್ಯಪುಸ್ತಕವೆಂದೇ ಓದಬಹುದು. ಫೆನಿಕ್ಸಿನಲ್ಲಿ ಸಮೀಕರಣವನ್ನು ಕಾಗದದ ಮೇಲೆ ಬರೆದಂತೆಯೇ ಬರೆದರೆ ಸಾಕು, ಅಸೆಂಬ್ಲಿ ಅದೇ ಮಾಡಿಕೊಳ್ಳುತ್ತದೆ. ಆದರೆ ನೀವು ನನ್ನ ಹತ್ತಿರ ಬಂದದ್ದೇ ರನ್ ಒತ್ತಿದ ಮೇಲೆ ಒಳಗೇನಾಗುತ್ತೆ ಅಂತ ಕೇಳಲು ಅಲ್ಲವೇ?

ಹೊಸ ಎಡಿಷನ್ನಿಗೇ ಕಾಯಬೇಡಿ. ಅವೆನ್ಯೂ ರಸ್ತೆಯ ಹಳೆಪುಸ್ತಕದಂಗಡಿಗಳಲ್ಲಿ ತಾಳ್ಮೆಯಿಂದ ಹುಡುಕಿ. ನನ್ನ ಚಂದ್ರುಪಟ್ಲ ಸಿಕ್ಕಿದ್ದು ಅಲ್ಲೇ, ಹಿಂದಿನ ಮಾಲೀಕರು ಮೊದಲ 40 ಪುಟಕ್ಕೆ ಮಾತ್ರ ಹಳದಿ ಬಳಿದಿದ್ದರು.

ಕೊನೆಗೆ, ಯಾರೂ ಕೇಳದಿದ್ದರೂ ನಾನು ಹೇಳುವ ಒಂದು ಪುಸ್ತಕವಿದೆ. ನಮ್ಮ ಬೀದಿಯ ಕೊನೆ ಮನೆಯ ಹುಡುಗಿ, ಏಳನೇ ಸೆಮಿಸ್ಟರ್ ಮೆಕ್ಯಾನಿಕಲ್, ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದಳು. "ಅಂಕಲ್, ಬೀಮ್ ಬಗ್ಗುತ್ತಾನೇ ಇಲ್ಲ." ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿ, 20 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪ, ಒಂದು ತುದಿ ಗೋಡೆಯಲ್ಲಿ, ಇನ್ನೊಂದರ ಮೇಲೆ 10 ನ್ಯೂಟನ್. ಪುಸ್ತಕದ ಸೂತ್ರದಂತೆ ತುದಿ 10 ಮಿಲಿಮೀಟರ್ ಇಳಿಯಬೇಕು. ಅವಳು ಬಗ್ಗುವುದರ ಜೊತೆ ಶಿಯರ್, ಅಂದರೆ ಪದರುಗಳ ಜಾರುವಿಕೆ, ಸೇರಿಸಿದ ಎರಡು ನೋಡಿನ ಟಿಮೊಶೆಂಕೊ ಎಲಿಮೆಂಟ್ ಬರೆದಿದ್ದಳು. ಒಂದು ಎಲಿಮೆಂಟಿಗೆ 0.003 ಬರುತ್ತಿತ್ತು, ನಾಲ್ಕು ಹಾಕಿದರೂ 0.05. ಕೋಡನ್ನು ಸಾಲು ಸಾಲಾಗಿ ನೋಡಿದೆ. ಒಂದೂ ತಪ್ಪಿಲ್ಲ.

ಇದರ ಹೆಸರು ಲಾಕಿಂಗ್. ಯಾಕಾಗುತ್ತದೆ ಎಂಬುದನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯರು ನಮ್ಮ ಹಳೇ ಏರ್‌ಪೋರ್ಟ್ ರಸ್ತೆಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿದ್ದ ಗಂಗನ್ ಪ್ರತಾಪ್. 1982ರಲ್ಲಿ ಬೀಮ್ ಬಗ್ಗೆ ಪ್ರಬಂಧ, 1993ರಲ್ಲಿ 'ದ ಫೈನೈಟ್ ಎಲಿಮೆಂಟ್ ಮೆಥಡ್ ಇನ್ ಸ್ಟ್ರಕ್ಚರಲ್ ಮೆಕ್ಯಾನಿಕ್ಸ್' ಎಂಬ ಪುಸ್ತಕ. ಶಿಯರ್ ಸ್ಟ್ರೇನ್ ಅಂದರೆ ಬೀಮಿನ ಇಳಿಜಾರಿನಿಂದ ಅಡ್ಡಕೊಯ್ತದ ತಿರುಗುವಿಕೆಯನ್ನು ಕಳೆದದ್ದು. ಈ ಎಲಿಮೆಂಟಿನೊಳಗೆ ಇಳಿಜಾರು ಎಲ್ಲೆಡೆ ಒಂದೇ, ತಿರುಗುವಿಕೆ ಮಾತ್ರ ಒಂದು ತುದಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ತೆಳ್ಳಗಿನ ಪಟ್ಟಿಯಲ್ಲಿ ಈ ವ್ಯತ್ಯಾಸ ಎಲ್ಲೆಡೆಯೂ ಸೊನ್ನೆಯಾಗಬೇಕು. ಸ್ಥಿರವಾದ ಭಾಗಕ್ಕೆ ಎರಡೂ ಕಡೆ ಜೋಡಿಯಿದೆ, ಒಂದನ್ನೊಂದು ಹೊಡೆದುಹಾಕುತ್ತವೆ. ಬದಲಾಗುವ ಭಾಗ ಒಂಟಿ. ಅದು ಸೊನ್ನೆಯಾಗಬೇಕಾದರೆ ತಿರುಗುವಿಕೆ ಬದಲಾಗುವುದನ್ನೇ ನಿಲ್ಲಿಸಬೇಕು, ಅಂದರೆ ಬೀಮ್ ಬಗ್ಗುವ ಹಾಗೇ ಇಲ್ಲ. ಎಲಿಮೆಂಟಿನ ಒಳಗಿನ ಎರಡು ಫೀಲ್ಡುಗಳು ಒಂದಕ್ಕೊಂದು ಹೊಂದಬೇಕು ಎಂಬ ಅವರ ಮಾತಿನ ತಿರುಳು ಇದು.

ಶಿಯರ್ ಭಾಗಕ್ಕೆ ಎರಡು ಗಾಸ್ ಪಾಯಿಂಟ್ (ಎಲಿಮೆಂಟಿನೊಳಗೆ ಬೆಲೆ ಅಳೆದು ಕೂಡುವ ಬಿಂದು) ಬದಲು ನಟ್ಟನಡುವಿನ ಒಂದೇ ಪಾಯಿಂಟ್ ಇಟ್ಟರೆ ಆ ಒಂಟಿ ಭಾಗ ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಹಾಗೆ ಮಾಡಿ ನೋಡು ಅಂದೆ. ಅಲ್ಲೇ ಸೋಫಾದ ಮೇಲೆ ಕೂತು ಒಂದು ಸಾಲು ಬದಲಿಸಿದಳು. ಒಂದು ಎಲಿಮೆಂಟಿಗೆ 7.5 ಮಿಲಿಮೀಟರ್ ಬಂತು. ನಾಲ್ಕಕ್ಕೆ 9.84.

"ಒಂದೇ ಸಾಲಾ ಅಂಕಲ್?" ಅಂದಳು. ಪ್ರತಾಪ್ ಪುಸ್ತಕವನ್ನು ಅವತ್ತೇ ಕೊಟ್ಟು ಕಳಿಸಿದೆ.